ಬೇಳೆ ಬೇಯದ ನೀರಲ್ಲಿ ಗಪ್ಪಿ, ಮೋಲಿ ಮರಿ ಮಾಡಿಸುವುದು ಹೇಗೆ?

ನಮ್ಮ ಮನೆಯ ಬೋರ್ ನೀರಿಗೆ ತೊಗರಿ ಬೇಳೆ ಬೇಯುವುದಿಲ್ಲ. ಕಲಬುರಗಿಯಲ್ಲಿದ್ದು ಬೇಳೆ ಬೇಯದ ನೀರು ಬಳಸುವ ಸಂಕಟ ಬೇರೆ ಊರಿನವರಿಗೆ ಹೇಳಿದರೆ ತಿಳಿಯದು. ಬಕೆಟ್ಟಿನ ಒಳಗೆ ಬಿಳಿ ಪಟ್ಟಿ, ನಲ್ಲಿಯ ಬಾಯಿಗೆ ಸುಣ್ಣದ ಗಂಟು, ಎಷ್ಟು ಸೋಪು ತಿಕ್ಕಿದರೂ ನೊರೆ ಬರಲ್ಲ. ಅದೇ ಸವಳು ನೀರಲ್ಲಿ ನನ್ನ ಮೋಲಿ ಮೀನುಗಳು ಮಾತ್ರ ವರ್ಷಗಳಿಂದ ಖುಷಿಯಾಗಿ ಮರಿ ಹಾಕುತ್ತಿವೆ.

ಗಪ್ಪಿ, ಮೋಲಿ, ಪ್ಲಾಟಿ, ಸ್ವೋರ್ಡ್‌ಟೇಲ್, ಇವು ನಾಲ್ಕೂ ಗಾಜಿನ ಟ್ಯಾಂಕಿನಲ್ಲಿ ಸಾಕುವ ಸಣ್ಣ ಮೀನುಗಳು. ಮೊಟ್ಟೆ ಇಡುವುದಿಲ್ಲ, ಈಜುವ ಮರಿಯನ್ನೇ ಹಾಕುತ್ತವೆ. ನಾಲ್ಕಕ್ಕೂ ಗಡಸು ನೀರೇ, ಅಂದರೆ ಸುಣ್ಣದಂಥ ಖನಿಜ ಹೆಚ್ಚಿರುವ ನೀರೇ ಹಿತ. ನೀರಿನ ಹುಳಿ, ಕ್ಷಾರ ಅಳೆಯುವ ಪಿಎಚ್ 7ರಿಂದ 8ರವರೆಗೆ ಇದ್ದರೆ ಸಾಕು. ಸೇಡಂ, ಶಹಾಬಾದ್, ಚಿತ್ತಾಪುರದ ಕಡೆ ನೆಲದ ಕೆಳಗೇ ಸುಣ್ಣದ ಕಲ್ಲು ಇದೆ. ಅಲ್ಲಿಯ ಬೋರ್ ನೀರಿಗೆ ಅಂಗಡಿಯ ಯಾವ ಪುಡಿಯನ್ನೂ ಬೆರೆಸಬೇಕಿಲ್ಲ. ಅಡುಗೆಮನೆಗೆ ಶಾಪ, ಮೀನಿಗೆ ವರ!

ಇದು ಗೊತ್ತಿಲ್ಲದೆ ನಾನು ಶುರುವಿನಲ್ಲಿ ದೊಡ್ಡ ಜಾಣತನ ಮಾಡಿದ್ದೆ. ನಾವು ಕುಡಿಯುವ ಆರ್‌ಒ ನೀರನ್ನೇ ಮೀನಿಗೂ ಹಾಕಿದೆ. ಶುದ್ಧ ನೀರು ಅಲ್ವಾ? ಒಂದು ವಾರದಲ್ಲಿ ಕಪ್ಪು ಮೋಲಿಗಳು ನಿಂತ ಜಾಗದಲ್ಲೇ ಮೈ ಅಲ್ಲಾಡಿಸತೊಡಗಿದವು. ಮುಂದೆ ಹೋಗುತ್ತಿಲ್ಲ, ಹಿಂದೆ ಬರುತ್ತಿಲ್ಲ, ಸುಮ್ನೆ ನಡುಗುತ್ತಿವೆ. ಆರ್‌ಒ ಯಂತ್ರ ನೀರಿನ ಬಹುಪಾಲು ಖನಿಜವನ್ನು ಸೋಸಿ ತೆಗೆದಿತ್ತು. ಮೆಲ್ಲಗೆ ಬೋರ್ ನೀರು ಬೆರೆಸುತ್ತ ಬಂದ ಮೇಲೆ ಎರಡು ಉಳಿದವು, ಮೂರು ಹೋದವು.

ನಿಮ್ಮ ಮನೆಗೆ ಬರುವುದು ಊರಿನ ನಲ್ಲಿ ನೀರಾದರೆ ಅದರಲ್ಲಿ ಕ್ಲೋರಿನ್ ಇರುತ್ತದೆ. ಅಗಲ ಬಾಯಿಯ ಟಬ್ಬಿನಲ್ಲಿ ಒಂದು ದಿನ ತೆರೆದಿಟ್ಟು ಬಳಸಿ. ಅವಸರವಿದ್ದರೆ ಅಕ್ವೇರಿಯಂ ಅಂಗಡಿಯ ಆಂಟಿ ಕ್ಲೋರಿನ್ ನಾಲ್ಕು ಹನಿ ಹಾಕಿದರೂ ಆಗುತ್ತದೆ, ಪ್ರಮಾಣ ಬಾಟಲಿಯ ಮೇಲೇ ಇರುತ್ತದೆ.

ಟ್ಯಾಂಕ್ ಮೊದಲು, ಮೀನು ಆಮೇಲೆ

ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಗಾಜಿನ ಟ್ಯಾಂಕ್ ಸಾಕು. ಸುಮಾರು 56 ಲೀಟರ್ ನೀರು ಹಿಡಿಯುತ್ತದೆ. ಗಾಜು, ಕಲ್ಲು ಸೇರಿ ತುಂಬಿದ ಟ್ಯಾಂಕು 70 ಕಿಲೋ ಮೀರಬಹುದು, ಹಾಗಾಗಿ ಟಿ.ವಿ. ಸ್ಟ್ಯಾಂಡಿನ ಮೇಲೆ ಇಡಬೇಡಿ. ಗೋಡೆಗೆ ಹೊಂದಿಸಿ ಶಹಾಬಾದ್ ಪರಸಿ ಕಲ್ಲಿನ ಕಟ್ಟೆ ಹಾಕಿಸಿದರೆ ಜನ್ಮಕ್ಕಾಯಿತು. ಇದರ ಜತೆಗೆ ಮರಿಗಳಿಗೆಂದು ಒಂದು ಪ್ಲಾಸ್ಟಿಕ್ ಟಬ್ಬು ಅಥವಾ ದಪ್ಪನೆಯ ಥರ್ಮಾಕೋಲ್ ಬಾಕ್ಸ್ ಬೇಕು. ನನ್ನ ಆಯ್ಕೆ ಥರ್ಮಾಕೋಲ್. ನೋಡಲು ಚಂದ ಇಲ್ಲ, ಆದರೆ ನಮ್ಮ ಬಿಸಿಲನ್ನು ಬೇಗ ಒಳಗೆ ಬಿಡುವುದಿಲ್ಲ.

ಫಿಲ್ಟರ್ ಎಂದರೆ ಸ್ಪಾಂಜ್ ಫಿಲ್ಟರ್, ಜತೆಗೆ ಒಂದು ಸಣ್ಣ ಏರ್ ಪಂಪ್. ಮೋಟರ್ ಇರುವ ಜೋರಿನ ಫಿಲ್ಟರ್ ಹಾಕಿದರೆ ಮರಿಗಳನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ. ಬೆಳಿಗ್ಗೆ ಫಿಲ್ಟರ್ ಬಿಚ್ಚಿ ನೋಡಿದರೆ ಲೆಕ್ಕ ಸಿಗುತ್ತದೆ, ಮರಿ ಸಿಗುವುದಿಲ್ಲ.

ನೀರು ತುಂಬಿದ ದಿನವೇ ಮೀನು ತರಬೇಡಿ. ಮೀನಿನ ಹೇಲು, ತಿನ್ನದೆ ಉಳಿದ ಕಾಳು (ಅಂಗಡಿಯ ಮೀನಿನ ಆಹಾರ) ಕೊಳೆತು ಅಮೋನಿಯಾ ಎಂಬ ವಿಷ ಆಗುತ್ತದೆ. ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಆ ಸ್ಪಾಂಜಿನಲ್ಲಿ ಮನೆ ಮಾಡಬೇಕು. ಅದಕ್ಕೆ ಮೂರು ನಾಲ್ಕು ವಾರ ಹಿಡಿಯುತ್ತದೆ. ದಿನಾ ಚಿಟಿಕೆ ಕಾಳು ಹಾಕುತ್ತ ಖಾಲಿ ಟ್ಯಾಂಕ್ ಓಡಿಸಿ. ಗೆಳೆಯರ ಮನೆಯಲ್ಲಿ ಹಳೆಯ ಟ್ಯಾಂಕ್ ಇದ್ದರೆ ಅವರ ಸ್ಪಾಂಜನ್ನು ನಿಮ್ಮ ನೀರಲ್ಲಿ ಹಿಂಡಿಬಿಡಿ. ಹೆಪ್ಪು ಹಾಕಿದ ಹಾಗೆ, ಕೆಲಸ ಬೇಗ ಆಗುತ್ತದೆ. ಮುಂದೆ ಸ್ಪಾಂಜ್ ತೊಳೆಯುವಾಗಲೂ ನಲ್ಲಿ ಕೆಳಗೆ ಹಿಡಿಯಬೇಡಿ, ಟ್ಯಾಂಕಿನಿಂದ ತೆಗೆದ ನೀರಲ್ಲೇ ಅದ್ದಿ ಹಿಂಡಿ.

ಗಂಡು ಒಂದು, ಹೆಣ್ಣು ಮೂರು

ಗಪ್ಪಿಯಲ್ಲಿ ಬಣ್ಣದ ಬಾಲ ಗಂಡಿನದು, ಮಂಕು ಬಣ್ಣದ ದಪ್ಪ ಮೈ ಹೆಣ್ಣಿನದು. ಇಷ್ಟು ಎಲ್ಲರಿಗೂ ಗೊತ್ತು. ಮೋಲಿ, ಪ್ಲಾಟಿಯಲ್ಲಿ ಬಣ್ಣ ನೋಡಿದರೆ ಮೋಸ ಹೋಗುತ್ತೀರಿ. ಹೊಟ್ಟೆಯ ಕೆಳಗೆ, ಬಾಲಕ್ಕಿಂತ ಮುಂಚೆ ಇರುವ ರೆಕ್ಕೆಯನ್ನು ನೋಡಿ. ಬೀಸಣಿಗೆಯಂತೆ ಬಿಚ್ಚಿಕೊಂಡಿದ್ದರೆ ಹೆಣ್ಣು, ಕಡ್ಡಿಯಂತೆ ಚೂಪಾಗಿ ಹಿಂದಕ್ಕೆ ಮಡಚಿಕೊಂಡಿದ್ದರೆ ಗಂಡು.

ಅಂಗಡಿಯವರು ಸಾಮಾನ್ಯವಾಗಿ ‘ಒಂದು ಜೋಡಿ’ ಅಂತ ಕೊಡುತ್ತಾರೆ. ಬೇಡ ಅನ್ನಿ. ಒಂದೇ ಹೆಣ್ಣಿದ್ದರೆ ಗಂಡು ಹಗಲೆಲ್ಲ ಅದರ ಬೆನ್ನು ಹತ್ತಿ ಸುಸ್ತು ಮಾಡಿಬಿಡುತ್ತದೆ. ಒಂದು ಗಂಡಿಗೆ ಎರಡು ಮೂರು ಹೆಣ್ಣು ಇರಲಿ. ಪ್ಲಾಟಿ, ಸ್ವೋರ್ಡ್‌ಟೇಲ್ ಒಂದೇ ಟ್ಯಾಂಕಿನಲ್ಲಿ ಇಟ್ಟರೆ ಬೆರಕೆ ಮರಿ ಹುಟ್ಟುತ್ತವೆ. ತಳಿ ಕಾಯುವ ಆಸೆ ಇದ್ದರೆ ಬೇರೆ ಬೇರೆ ಇಡಿ.

ಒಂದು ವಿಚಿತ್ರ ಕೇಳಿ. ಹೆಣ್ಣು ಮೀನು ಒಮ್ಮೆ ಕೂಡಿದ ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಹೊಟ್ಟೆಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಗಂಡೇ ಇಲ್ಲದ ಟ್ಯಾಂಕಿನಲ್ಲಿ ಹೆಣ್ಣು ನಾಲ್ಕೈದು ಸಲ ಮರಿ ಹಾಕಿದರೂ ಬೆರಗಾಗಬೇಡಿ. ಅಂದರೆ ಅಂಗಡಿಯಿಂದ ತಂದ ಹೆಣ್ಣಿನ ಮೊದಲ ಮರಿಗಳು ನೀವು ಆರಿಸಿ ತಂದ ಚಂದದ ಗಂಡಿನವಲ್ಲ, ಅಂಗಡಿಯ ಟ್ಯಾಂಕಿನ ಯಾವುದೋ ಗಂಡಿನವು. ನಿಮಗೆ ಬೇಕಾದ ಬಣ್ಣ ಬೇಕಂದರೆ ನಿಮ್ಮ ಮನೆಯಲ್ಲೇ ಹುಟ್ಟಿದ, ಗಂಡು ಸೇರದ ಹೆಣ್ಣನ್ನು ಬೇರೆ ಮಾಡಿ ಬೆಳೆಸಬೇಕು.

ಗಪ್ಪಿ ಹೆಸರಿನ ಕತೆಯೂ ಹೀಗೇ ಕಲಸುಮೇಲೋಗರ. ಜರ್ಮನಿಯ ಪೀಟರ್ಸ್ 1859ರಲ್ಲೇ ಈ ಮೀನಿಗೆ ಶಾಸ್ತ್ರೀಯ ಹೆಸರಿಟ್ಟಿದ್ದರು. ಅದು ಗಮನಕ್ಕೆ ಬಾರದೆ, ಟ್ರಿನಿಡಾಡ್‌ನಿಂದ ಲಂಡನ್ನಿಗೆ ಮೀನು ಕಳಿಸಿದ ಲೆಚ್‌ಮಿಯರ್ ಗಪ್ಪಿ ಅವರ ಹೆಸರನ್ನು 1866ರಲ್ಲಿ ಇನ್ನೊಬ್ಬರು ಇಟ್ಟರು. ಶಾಸ್ತ್ರದಲ್ಲಿ ಆ ಹೆಸರು ಬಿದ್ದುಹೋಯಿತು, ಜನರ ಬಾಯಲ್ಲಿ ಉಳಿಯಿತು.

ಹೊಟ್ಟೆ ಚೌಕ ಆದಾಗ

ಗಪ್ಪಿಗೆ ಗಬ್ಬದ ಅವಧಿ ಮೂರರಿಂದ ನಾಲ್ಕು ವಾರ. ಪ್ಲಾಟಿ, ಸ್ವೋರ್ಡ್‌ಟೇಲ್‌ಗೆ ಹೆಚ್ಚು ಕಡಿಮೆ ನಾಲ್ಕು ವಾರ, ಮೋಲಿಗೆ ಇನ್ನೊಂದು ವಾರ ಜಾಸ್ತಿ ಆಗಬಹುದು. ನೀರು ತಣ್ಣಗಿದ್ದರೆ ದಿನ ಮುಂದೆ ಹೋಗುತ್ತದೆ. ಬಾಲದ ಹತ್ತಿರ ಹೊಟ್ಟೆಯ ಹಿಂಬದಿಯಲ್ಲಿ ಒಂದು ಕಪ್ಪು ಮಚ್ಚೆ ಇರುತ್ತದೆ. ಅದು ದಿನದಿನಕ್ಕೆ ದೊಡ್ಡದಾಗುತ್ತದೆ. ತಿಳಿ ಬಣ್ಣದ ಹೆಣ್ಣಾದರೆ ಕೊನೆಯ ದಿನಗಳಲ್ಲಿ ಚರ್ಮದ ಒಳಗಿಂದ ಮರಿಗಳ ಕಣ್ಣು ಸಾಸಿವೆ ಚುಕ್ಕೆಗಳಂತೆ ಕಾಣುತ್ತವೆ. ಕಪ್ಪು ಮೋಲಿಯಲ್ಲಿ ಇದ್ಯಾವುದೂ ಕಾಣುವುದಿಲ್ಲ, ಅಲ್ಲಿ ಹೊಟ್ಟೆಯ ಆಕಾರವೇ ಗುರುತು. ದುಂಡಗಿದ್ದ ಹೊಟ್ಟೆ ಮುಂದುಗಡೆ ಮೂಲೆ ಬಂದಂತೆ ಚೌಕವಾಗುತ್ತದೆ. ಮೀನು ಮೂಲೆ ಹಿಡಿದು ನಿಲ್ಲುತ್ತದೆ, ಕಾಳಿನ ಮೇಲೆ ಆಸೆ ಕಡಿಮೆ ಆಗುತ್ತದೆ. ಇನ್ನು ಒಂದೆರಡು ದಿನ ಅಂತ ತಿಳಿಯಿರಿ.

ಆಗ ಬ್ರೀಡಿಂಗ್ ಬಾಕ್ಸಿಗೆ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಅಂಗೈಯಗಲದ ಆ ಪ್ಲಾಸ್ಟಿಕ್ ಡಬ್ಬಿ ನನಗೆ ಸೇರುವುದಿಲ್ಲ. ದಿನ ತುಂಬಿದ ಮೀನನ್ನು ಬಲೆಯಲ್ಲಿ ಹಿಡಿದು ಆ ಇಕ್ಕಟ್ಟಿಗೆ ತಳ್ಳಿದರೆ ಹೆದರಿ ಬಲಿಯದ ಮರಿ ಹಾಕುವುದುಂಟು. ಅದರ ಬದಲು ಚೌಕ ಆಗುವುದಕ್ಕೆ ನಾಲ್ಕೈದು ದಿನ ಮುಂಚೆಯೇ ಟಬ್ಬಿಗೆ ಸಾಗಿಸಿ, ಅದೂ ಬಲೆಯಲ್ಲಲ್ಲ, ಮಗ್ಗಿನಲ್ಲಿ ನೀರು ಸಮೇತ. ಟಬ್ಬಿಗೆ ಅದೇ ಹಳೆಯ ಟ್ಯಾಂಕಿನ ನೀರು ಹಾಕಿ, ಇನ್ನೊಂದು ಸ್ಪಾಂಜ್ ಫಿಲ್ಟರ್ ಇಡಿ. ಅರ್ಧ ಟಬ್ಬು ತುಂಬುವಷ್ಟು ಹೈಡ್ರಿಲ್ಲಾ ಅಥವಾ ಜಾವಾ ಮಾಸ್ ಎಂಬ ನೀರಿನ ಹುಲ್ಲು ಬಿಡಿ. ಕೆರೆಯಿಂದ ತಂದ ಹೈಡ್ರಿಲ್ಲಾ ಆದರೆ ಎರಡು ಮೂರು ಸಲ ತೊಳೆದು, ಬೇರೆ ಬಕೆಟ್ಟಿನಲ್ಲಿ ಒಂದು ವಾರ ಇಟ್ಟು ಹಾಕಿ. ಬಸವನಹುಳು, ಜಿಗಣೆ, ಡ್ರ್ಯಾಗನ್‌ಫ್ಲೈ ಮರಿ ಬರುವ ದಾರಿ ಅದೇ.

ಮೀನು ಮರಿ ಹಾಕುವುದನ್ನು ನೋಡಬೇಕಂದರೆ ನಸುಕಿಗೆ ಏಳಿ, ನನ್ನಲ್ಲಿ ಹೆಚ್ಚಿನವು ಆಗಲೇ ಹಾಕಿವೆ. ಹೆಣ್ಣು ಒಂದು ಕ್ಷಣ ಮೈ ಬಿಗಿಹಿಡಿದು ಬಾಲ ಅಲುಗಿಸುತ್ತದೆ. ಕೆಳಗಿಂದ ಒಂದು ಕಂದು ಗುಂಡು ಜಾರುತ್ತದೆ. ಅಷ್ಟರಲ್ಲಿ ಅದು ಸುರುಳಿ ಬಿಚ್ಚುತ್ತದೆ: ಎರಡು ದೊಡ್ಡ ಕಣ್ಣು, ಆಮೇಲೆ ದಾರದ ತುಂಡಿನಂಥ ಮೈ. ತಳಕ್ಕೆ ಇಳಿದು ಉಸಿರು ಹಿಡಿದಂತೆ ಬಿದ್ದಿರುತ್ತದೆ. ಸತ್ತಿತೇನೋ ಅಂದುಕೊಳ್ಳುವಷ್ಟರಲ್ಲಿ ಛಂಗನೆ ಮೇಲಕ್ಕೆ ಹಾರಿ ಹುಲ್ಲಿನೊಳಗೆ ನುಗ್ಗುತ್ತದೆ. ಹೀಗೆ ಒಂದೊಂದಾಗಿ ಕೆಲವು ತಾಸು ನಡೆಯುತ್ತದೆ. ಸಣ್ಣ ಹೆಣ್ಣು ಹತ್ತು ಹಾಕಿದರೆ, ಬಲಿತ ಗಪ್ಪಿ ಐವತ್ತರ ತನಕವೂ ಹಾಕಬಹುದು. ನಡುನಡುವೆ ತಾಯಿಯೇ ತಿರುಗಿ ಮರಿಯನ್ನು ಗುಳುಂ ಮಾಡುವುದೂ ಉಂಟು. ಬೈಯಬೇಡಿ, ಅದಕ್ಕೆ ಕಾಣುವುದು ತಿನ್ನುವ ಗಾತ್ರದ ಏನೋ ಒಂದು, ಅಷ್ಟೇ. ಹೊಟ್ಟೆ ಇಳಿದ ಮೇಲೆ ತಾಯಿಯನ್ನು ತೆಗೆಯಿರಿ. ಕೂಡಲೇ ಗಂಡುಗಳ ನಡುವೆ ಬಿಡದೆ ಒಂದು ದಿನ ಬೇರೆ ಕಡೆ ಇಟ್ಟರೆ ಒಳ್ಳೆಯದು.

ಮರಿ ಹಾಕಿಸುವುದಲ್ಲ, ಉಳಿಸುವುದು

ಇಲ್ಲಿಂದ ಎರಡು ವಾರ ಕೆಲಸ ಜಾಸ್ತಿ. ಮರಿಯ ಬಾಯಿ ಸೂಜಿಯ ತುದಿಯಷ್ಟು. ದಿನಕ್ಕೆ ಮೂರು ನಾಲ್ಕು ಸಲ, ಪ್ರತಿ ಸಲವೂ ಒಂದೇ ಚಿಟಿಕೆ. ಕಾಳನ್ನು ಎರಡು ಬೆರಳ ನಡುವೆ ಹಿಟ್ಟಾಗುವಂತೆ ಉಜ್ಜಿ ಹಾಕಿ. ಗಟ್ಟಿಯಾಗಿ ಬೇಯಿಸಿದ ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಕಟ್ಟಿ ನೀರಲ್ಲಿ ಒಮ್ಮೆ ಹಿಂಡಿದರೂ ಆಗುತ್ತದೆ, ಆದರೆ ಕಡಲೆಕಾಳಿನಷ್ಟಕ್ಕಿಂತ ಹೆಚ್ಚು ಬೇಡ. ಹಳದಿ ಕೊಳೆತರೆ ಸಂಜೆಯೊಳಗೆ ನೀರು ನಾರುತ್ತದೆ. ನನ್ನ ಮೊದಲ ಮೂರು ಬ್ಯಾಚು ಹಸಿವಿಗೆ ಸಾಯಲಿಲ್ಲ, ನಾನು ಪ್ರೀತಿಯಿಂದ ಸುರಿದ ಹಳದಿಗೆ ಸತ್ತವು.

ಎಲ್ಲಕ್ಕಿಂತ ಒಳ್ಳೆಯ ಊಟ ಆರ್ಟೀಮಿಯಾ, ಉಪ್ಪುನೀರಿನ ಸಣ್ಣ ಸಿಗಡಿಯಂಥ ಜೀವಿ. ಅದರ ಮೊಟ್ಟೆ ಅಂಗಡಿಯಲ್ಲಿ ಕಂದು ಪುಡಿಯಂತೆ ಸಿಗುತ್ತದೆ. ಒಂದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಕಲ್ಲುಪ್ಪು, ಅಂದರೆ 25 ಗ್ರಾಂನಷ್ಟು, ಕರಗಿಸಿ ಬಾಟಲಿಯಲ್ಲಿ ಹಾಕಿ. ಕಾಲು ಟೀ ಚಮಚ ಪುಡಿ ಬೆರೆಸಿ ಏರ್ ಪಂಪಿನ ಪೈಪು ತಳದವರೆಗೆ ಇಳಿಬಿಡಿ. ನಮ್ಮ ಸೆಕೆಗೆ ಒಂದು ದಿನದಲ್ಲಿ ಒಡೆಯುತ್ತವೆ. ಗಾಳಿ ನಿಲ್ಲಿಸಿ ಬಾಟಲಿಯ ತಳಕ್ಕೆ ಟಾರ್ಚ್ ಹಿಡಿದರೆ ಕೇಸರಿ ಬಣ್ಣದ ಹುಳುಗಳು ಬೆಳಕಿಗೆ ಬಂದು ಗುಂಪಾಗುತ್ತವೆ. ಸಿಪ್ಪೆ ಮೇಲೆ ತೇಲುತ್ತದೆ, ಅದನ್ನು ಬಿಡಿ. ಕೆಳಗಿನದನ್ನು ಸಣ್ಣ ಪೈಪಿನಲ್ಲಿ ಎಳೆದು, ಬಟ್ಟೆಯಲ್ಲಿ ಸೋಸಿ, ಸಿಹಿನೀರಲ್ಲಿ ಒಮ್ಮೆ ತೊಳೆದು ಹಾಕಿ. ಅರ್ಧ ಗಂಟೆಯಲ್ಲಿ ಮರಿಗಳ ಹೊಟ್ಟೆ ಕೇಸರಿ ಆಗಿರುತ್ತದೆ. ಊಟ ಆಯಿತೋ ಇಲ್ಲವೋ ಅಂತ ಇಷ್ಟು ಸರಿಯಾಗಿ ಬೇರೆ ಯಾವ ಸಾಕುಪ್ರಾಣಿಯೂ ತೋರಿಸುವುದಿಲ್ಲ!

ನೀರು ಎರಡು ದಿನಕ್ಕೊಮ್ಮೆ ಐದರಲ್ಲಿ ಒಂದು ಭಾಗ ಬದಲಿಸಿ. ತೆಗೆಯುವ ಪೈಪಿನ ಬಾಯಿಗೆ ಹಳೆಯ ಸೀರೆಯ ತುಂಡು ಕಟ್ಟಿ, ಇಲ್ಲದಿದ್ದರೆ ಮರಿ ಬಕೆಟ್ಟಿಗೆ ಬರುತ್ತವೆ. ನಾಲ್ಕನೆಯ ವಾರದಿಂದ ದಿನಾ ಕಣ್ಣಿಟ್ಟು ನೋಡಿ. ಕೆಳಗಿನ ರೆಕ್ಕೆ ಚೂಪಾಗುತ್ತಿರುವ ಗಂಡುಮರಿಗಳನ್ನು ಕಂಡ ಕೂಡಲೇ ಬೇರೆ ಮಾಡಿ. ಒಂದು ವಾರ ಸೋಮಾರಿತನ ಮಾಡಿದರೆ ಅಕ್ಕತಂಗಿಯರೇ ಗಬ್ಬ ಆಗುತ್ತವೆ. ಹಾಗೇ ತಲೆಮಾರುಗಟ್ಟಲೆ ನಡೆದರೆ ಬೆನ್ನು ಡೊಂಕಾದ, ಗಾತ್ರ ಇಲ್ಲದ ಮರಿ ಬರುತ್ತವೆ. ಆಗಾಗ ಬೇರೆ ಕಡೆಯಿಂದ ಹೊಸ ಗಂಡು ತನ್ನಿ.

ಬಿಸಿಲು, ಚಳಿ

ಇವಕ್ಕೆ ಹಿತವಾದುದು 24ರಿಂದ 28 ಡಿಗ್ರಿ. ಬೀದರದವರು ಚಳಿಗಾಲದ ರಾತ್ರಿಗೆ 50 ವ್ಯಾಟಿನ ಹೀಟರ್ ಇಟ್ಟುಕೊಳ್ಳಲಿ. ಕಲಬುರಗಿ, ಯಾದಗಿರಿಯವರಿಗೆ ಚಿಂತೆ ಬೇಸಿಗೆಯದೇ. ಹೊರಗೆ 42 ದಾಟಿದ ದಿನ ನೀರಿನಲ್ಲಿ ಆಮ್ಲಜನಕ ಕಡಿಮೆ ಆಗುತ್ತದೆ, ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ. ಟ್ಯಾಂಕಿನ ಗಾಜಿನ ಮುಚ್ಚಳ ತೆಗೆದು ಬಲೆ ಹಾಸಿ, ಮೇಲಿಂದ ಸಣ್ಣ ಫ್ಯಾನಿನ ಗಾಳಿ ಬಿಡಿ. ನೀರು ಆರುತ್ತ ಆರುತ್ತ ತಂಪಾಗುತ್ತದೆ. ಟಬ್ಬಿಗೆ ಸುತ್ತಲೂ ಒದ್ದೆ ಗೋಣಿಚೀಲ ಸುತ್ತಿ. ಕರೆಂಟ್ ಹೋದಾಗ ಓಡುವ ಬ್ಯಾಟರಿಯ ಏರ್ ಪಂಪ್ ಒಂದು ಮನೆಯಲ್ಲಿರಲಿ.

ಒಂದು ತಪ್ಪನ್ನಂತೂ ಯಾರೂ ಮಾಡಬೇಡಿ, ನಾನು ಮಾಡಿದ್ದೇನೆ. ಮೇ ತಿಂಗಳ ಮಧ್ಯಾಹ್ನ, ಮೀನಿಗೆ ಸೆಕೆ ಆಗುತ್ತಿದೆ ಅಂತ ನಲ್ಲಿ ತಿರುಗಿಸಿ ಟ್ಯಾಂಕಿಗೆ ನೀರು ಬಿಟ್ಟೆ. ಮಾಳಿಗೆ ಮೇಲಿನ ಕಪ್ಪು ಟ್ಯಾಂಕಿನಲ್ಲಿ ಬೆಳಗಿನಿಂದ ಕಾದ ನೀರು ಅದು, ಸ್ನಾನಕ್ಕೂ ಆಗದಷ್ಟು ಬಿಸಿ. ಬೇಸಿಗೆಯಲ್ಲಿ ನೀರು ಬದಲಿಸುವುದು ಬೆಳಿಗ್ಗೆ ಆರಕ್ಕೆ, ಅದೂ ರಾತ್ರಿಯೇ ಮನೆಯೊಳಗೆ ತುಂಬಿಟ್ಟ ಬಕೆಟ್ಟಿನಿಂದ.

ಹಾಗೆಯೇ ಸೊಳ್ಳೆಯ ಸ್ಪ್ರೇ. ಅದನ್ನು ಹೊಡೆಯುವ ಕೋಣೆಯಲ್ಲಿ ಮೀನು ಇದ್ದರೆ ಟ್ಯಾಂಕಿಗೆ ಬಟ್ಟೆ ಹೊದಿಸಿ, ಏರ್ ಪಂಪ್ ನಿಲ್ಲಿಸಿ. ಇಲ್ಲದಿದ್ದರೆ ಪಂಪೇ ಆ ವಿಷವನ್ನು ಎಳೆದು ನೀರಿಗೆ ಊದುತ್ತದೆ.

ಮರಿ ಹೆಚ್ಚಾದವು, ಈಗೇನು?

ಮೂರು ಹೆಣ್ಣು ಮೂವತ್ತರಂತೆ ಹಾಕಿದರೆ ಒಂದೇ ತಿಂಗಳಿಗೆ ತೊಂಬತ್ತು. ಎರಡನೆಯ ತಿಂಗಳಿಗೆ ಮನೆಯವರ ಮುಖ ನೋಡಿ. ಕಲಬುರಗಿಯ ಅಪ್ಪನ ಕೆರೆಗೆ, ಕಾಗಿಣಾ ನದಿಗೆ, ಊರ ಹಳ್ಳಕ್ಕೆ ಬಿಟ್ಟು ಪುಣ್ಯ ಕಟ್ಟಿಕೊಳ್ಳುವ ಯೋಚನೆ ಬೇಡ. ಗಪ್ಪಿ ಚರಂಡಿಯಲ್ಲೂ ಬದುಕುವ ಮೀನು, ನಮ್ಮ ಹಳ್ಳದ ಸಣ್ಣ ಮೀನುಗಳ ಊಟಕ್ಕೆ, ಮರಿಗಳಿಗೆ ಕುತ್ತು ತರುತ್ತದೆ. ಮನೆಯ ಸಿಮೆಂಟಿನ ಹೌದಿನಲ್ಲಿ ನಾಲ್ಕು ಗಪ್ಪಿ ಬಿಟ್ಟರೆ ಸೊಳ್ಳೆ ಮರಿ ತಿಂದುಕೊಂಡು ಇರುತ್ತವೆ, ಅದು ಬೇರೆ ಮಾತು. ಉಳಿದವನ್ನು ಅಂಗಡಿಗೆ ಕೊಟ್ಟು ಬದಲಿಗೆ ಕಾಳು ತನ್ನಿ, ಅಥವಾ ನೆಂಟರಿಗೆ ಹಂಚಿ.

ಕಳಿಸುವ ಹಿಂದಿನ ದಿನ ಕಾಳು ಹಾಕಬೇಡಿ, ದಾರಿಯಲ್ಲಿ ನೀರು ಕೆಡುತ್ತದೆ. ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಮೂರರಲ್ಲಿ ಒಂದು ಭಾಗ ನೀರು, ಎರಡು ಭಾಗ ಗಾಳಿ ಇರಲಿ. ಒದ್ದೆ ಟವೆಲ್ ಸುತ್ತಿ ಬೆಳಗಿನ ಮೊದಲ ಬಸ್ಸಿಗೆ ಹೊರಡಿ. ತಲುಪಿದ ಮೇಲೆ ಚೀಲವನ್ನು ಅಲ್ಲಿಯ ನೀರಲ್ಲಿ ಇಪ್ಪತ್ತು ನಿಮಿಷ ತೇಲಿಬಿಟ್ಟು, ಆಮೇಲೆ ಬಾಯಿ ಬಿಚ್ಚಿ. ಹೋದ ದೀಪಾವಳಿಗೆ ಸೇಡಂನ ಅಕ್ಕನ ಮನೆಗೆ ಹೀಗೇ ಎಂಟು ಮೋಲಿ ಒಯ್ದಿದ್ದೆ. ತಿಂಗಳು ಕಳೆದ ಮೇಲೆ ಅಕ್ಕನ ಮಗ ಫೋನ್ ಮಾಡಿದ.

‘ಮಾಮಾ, ಒಂದರ ಹೊಟ್ಟಿ ಚೌಕ ಆಗ್ಯಾದ್ರಿ. ಬಲಿ ಹಾಕಿ ಹಿಡೀಲೇನ್ರಿ?’

‘ಬಲಿ ಮುಟ್ಟಬ್ಯಾಡ. ಇನ್ನಷ್ಟು ಹುಲ್ಲು ಹಾಕಿ ಸುಮ್ನ ಬಿಡು.’