ಕಮೋಲಿಯಲ್ಲಿ ಉಂಡದ್ದು, ಕುಡಿದದ್ದು

ಇಟಲಿಯ ಲಿಗೂರಿಯಾ ಪ್ರಾಂತ್ಯದ ಕಮೋಲಿ, ಜಿನೋವಾ ನಗರದಿಂದ ಪೂರ್ವಕ್ಕೆ ಸ್ಥಳೀಯ ರೈಲಿನಲ್ಲಿ ಸುಮಾರು ಮುಕ್ಕಾಲು ಗಂಟೆಯ ದೂರದಲ್ಲಿರುವ ಮೀನುಗಾರರ ಊರು. ಇಲ್ಲಿಗೆ ಬರುವ ಹೆಚ್ಚಿನ ಪ್ರವಾಸಿಗರು ಬೆಳಿಗ್ಗೆ ದೋಣಿ ಹತ್ತಿ ಸಾನ್ ಫ್ರುತ್ತುವೋಸೊ ಮಠವನ್ನು ನೋಡಿ, ಮಧ್ಯಾಹ್ನ ಕಡಲಿಗೆ ಎದುರಾಗಿರುವ ಯಾವುದಾದರೂ ಹೋಟೆಲಿನಲ್ಲಿ ಪೀಟ್ಸಾ ತಿಂದು, ಸಂಜೆಯ ರೈಲಿಗೆ ಮರಳುತ್ತಾರೆ. ನಾನೂ ನನ್ನ ಹೆಂಡತಿಯೂ ಅಡುಗೆಮನೆಯಿರುವ ಚಿಕ್ಕ ಮನೆಯೊಂದನ್ನು ಬಾಡಿಗೆಗೆ ಹಿಡಿದು, ಊರಿನವರು ಯಾವ ಹೊತ್ತಿಗೆ ಏನನ್ನು ತಿನ್ನುತ್ತಾರೋ ಆ ಹೊತ್ತಿಗೆ ಅದನ್ನೇ ತಿನ್ನುವುದೆಂದು ಮೊದಲೇ ಮಾತನಾಡಿಕೊಂಡಿದ್ದೆವು. ನಾನು ಕುಂದಾಪುರದ ಕಡೆಯವನು, ಮೀನಿಲ್ಲದೆ ಊಟ ಸೇರದವನು; ಅವಳಿಗೆ ಹಾಲು, ಮೊಸರು, ಚೀಸು ನಡೆಯುತ್ತವೆ, ಮೀನು, ಮಾಂಸ, ಮೊಟ್ಟೆ ನಡೆಯುವುದಿಲ್ಲ. ಇಬ್ಬರಿಗೂ ಹೊಟ್ಟೆ ತುಂಬ, ಮನಸ್ಸು ತುಂಬ ಊಟ ಸಿಕ್ಕಿದ್ದು ಹೇಗೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬೆಳಗಿನ ತಿಂಡಿಗೆ ಇಲ್ಲಿ ಫೊಕಾಚಾ ಎಂಬ ಚಪ್ಪಟೆ ಬ್ರೆಡ್ಡು. ಬೇಕರಿಯ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ನಿಲ್ಲಬೇಕು, ಏಕೆಂದರೆ ಒಲೆಯಿಂದ ಇಳಿದು ಅರ್ಧ ಗಂಟೆಯೊಳಗಿನ ಫೊಕಾಚಾಕ್ಕೂ ಮಧ್ಯಾಹ್ನದವರೆಗೆ ಗಾಜಿನ ಪೆಟ್ಟಿಗೆಯಲ್ಲಿ ಕುಳಿತ ಫೊಕಾಚಾಕ್ಕೂ ಹೋಲಿಕೆಯೇ ಇಲ್ಲ. ಉಬ್ಬಿದ ಹಿಟ್ಟನ್ನು ತಗಡಿನಲ್ಲಿ ಹರಡಿ, ಹತ್ತೂ ಬೆರಳುಗಳಿಂದ ಒತ್ತಿ ಗುಳಿ ಮಾಡಿ, ನೀರು, ಉಪ್ಪು, ಆಲಿವ್ ಎಣ್ಣೆ ಬೆರೆಸಿದ ದ್ರಾವಣವನ್ನು ಅದರ ಮೇಲೆ ಸುರಿದು ಬೇಯಿಸುತ್ತಾರೆ. ಗುಳಿಗಳಲ್ಲಿ ನಿಂತ ಆ ಉಪ್ಪುನೀರಿನಿಂದಾಗಿ ಗುಳಿಯ ತಳ ಬೆಳ್ಳಗೆ, ಮೆತ್ತಗೆ ಉಳಿದು, ಸುತ್ತಲಿನ ಉಬ್ಬು ಕೆಂಪಗೆ ಗರಿಗರಿಯಾಗುತ್ತದೆ. ಅಂಗಡಿಯವರು ಬೇಕಾದಷ್ಟನ್ನು ಕತ್ತರಿಸಿ ತೂಗಿ ಕಾಗದದಲ್ಲಿ ಕಟ್ಟಿಕೊಡುತ್ತಾರೆ, ನೋಡುತ್ತಿದ್ದಂತೆ ಕಾಗದದ ತುಂಬ ಎಣ್ಣೆ ಹರಡುತ್ತದೆ. ಉಪ್ಪು ಮೊದಲು ನಾಲಗೆಗೆ ತಾಗಲೆಂದು ತುಂಡನ್ನು ಮಗುಚಿ ಹಿಡಿದು ತಿನ್ನುವವರಿದ್ದಾರೆ. ಕಪುಚಿನೊದಲ್ಲಿ ಅದ್ದಿ ತಿನ್ನುವವರೂ ಇದ್ದಾರೆ. ಹಾಲಿನ ಕಾಫಿಯಲ್ಲಿ ಉಪ್ಪಿನ ರೊಟ್ಟಿಯೇ ಎಂದು ನನ್ನ ಹೆಂಡತಿ ಮುಖ ಕಿವುಚಿದಳಾದರೂ, ಆಮೇಲೆ ಅದ್ದದೆ ತಿಂದದ್ದನ್ನು ನಾನು ನೋಡಲಿಲ್ಲ. ಕಾಫಿಯನ್ನು ಕೌಂಟರಿನ ಬಳಿ ನಿಂತೇ ಕುಡಿಯುವುದು ಒಳ್ಳೆಯದು, ಏಕೆಂದರೆ ಕುಳಿತು ಕುಡಿದರೆ ಅದೇ ಲೋಟಕ್ಕೆ ಹೆಚ್ಚು ಹಣ ತೆರಬೇಕಾಗುತ್ತದೆ.

ಪಕ್ಕದ ಊರಾದ ರೆಕ್ಕೊದ ಹೆಸರಿನಲ್ಲಿ ಪ್ರಸಿದ್ಧವಾದ ಚೀಸಿನ ಫೊಕಾಚಾ ಬೇರೆಯೇ ಪದಾರ್ಥ. ಇದಕ್ಕೆ 2015ರಲ್ಲಿ ಐರೋಪ್ಯ ಒಕ್ಕೂಟದ ಭೌಗೋಳಿಕ ಗುರುತು ದೊರೆತಿದ್ದು, ರೆಕ್ಕೊ, ಕಮೋಲಿ, ಸೋರಿ ಮತ್ತು ಅವೇನ್ಯೊ ಎಂಬ ನಾಲ್ಕು ಊರುಗಳಲ್ಲಿ ತಯಾರಾದದ್ದಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ. ಇದರ ಹಿಟ್ಟಿಗೆ ಹುದುಗು ಇಲ್ಲ. ಹಿಟ್ಟಿನ ಉಂಡೆಯನ್ನು ಮುಷ್ಟಿಗಳ ಮೇಲೆ ತಿರುಗಿಸುತ್ತ, ಆಚೆಯ ಬೆಳಕು ಕಾಣುವಷ್ಟು ತೆಳ್ಳಗೆ ಎಳೆದು ತಗಡಿನ ಮೇಲೆ ಹಾಸಿ, ಕ್ರೆಶೆಂತ್ಸಾ ಎಂಬ ಮೆತ್ತನೆಯ ಹಸಿ ಚೀಸನ್ನು ತುಂಡುತುಂಡಾಗಿ ಇಟ್ಟು, ಅಷ್ಟೇ ತೆಳುವಾದ ಇನ್ನೊಂದು ಹಾಳೆಯನ್ನು ಹೊದಿಸಿ, ಆವಿ ಹೋಗಲು ಅಲ್ಲಲ್ಲಿ ಚಿವುಟಿ ತೂತು ಮಾಡಿ, ಧಗಧಗಿಸುವ ಒಲೆಯಲ್ಲಿ ಕೆಲವೇ ನಿಮಿಷ ಬೇಯಿಸುತ್ತಾರೆ. ಇದನ್ನು ಮನೆಗೆ ಕಟ್ಟಿಸಿಕೊಂಡು ಹೋಗುವುದು ವ್ಯರ್ಥ; ಆರಿದ ಕೂಡಲೇ ಚೀಸು ರಬ್ಬರಾಗುತ್ತದೆ. ಒಲೆಯ ಪಕ್ಕದಲ್ಲೇ ನಿಂತು, ಬಾಯಿ ಸುಟ್ಟುಕೊಂಡರೂ ಸರಿ, ತಿಂದು ಮುಗಿಸಬೇಕು. ನನ್ನ ಮಟ್ಟಿಗೆ ಲಿಗೂರಿಯಾದ ಸಸ್ಯಾಹಾರದಲ್ಲಿ ಇದಕ್ಕೇ ಮೊದಲ ಸ್ಥಾನ. ಎರಡನೆಯದು ಫಾರಿನಾತಾ: ಕಡಲೆ ಹಿಟ್ಟನ್ನು ನೀರಿನಲ್ಲಿ ತೆಳ್ಳಗೆ ಕಲಸಿ, ಗಂಟೆಗಟ್ಟಲೆ ನೆನೆಯಲು ಬಿಟ್ಟು, ಮೇಲಿನ ನೊರೆ ತೆಗೆದು, ಎಣ್ಣೆ, ಉಪ್ಪು ಸೇರಿಸಿ, ಕಲಾಯಿ ಹಾಕಿದ ಅಗಲವಾದ ತಾಮ್ರದ ತಟ್ಟೆಯಲ್ಲಿ ಸೌದೆ ಒಲೆಯೊಳಗೆ ಬೇಯಿಸಿದ ಈ ತಿನಿಸು, ಮಗುಚಿ ಹಾಕದೆ ಬಿಟ್ಟ ಕಡಲೆ ಹಿಟ್ಟಿನ ದೋಸೆಯಂತೆ ಮೇಲೆ ಕೆಂಪಗೆ, ಒಳಗೆ ಮೆದುವಾಗಿರುತ್ತದೆ. ಕರಿಮೆಣಸಿನ ಪುಡಿ ಉದುರಿಸಿಕೊಂಡರೆ ಬೇರೇನೂ ಬೇಡ.

ಕಟ್ಟುನಿಟ್ಟಿನ ಸಸ್ಯಾಹಾರಿಗಳು ಕೆಲವು ಸಂಗತಿಗಳನ್ನು ತಿಳಿದಿರಬೇಕು. ಪಾರ್ಮೆಜಾನೊ ಚೀಸಿನ ಹಾಲನ್ನು ಒಡೆಸಲು ಕರುವಿನ ಜಠರದಿಂದ ತೆಗೆದ ರೆನೆಟ್ ಬಳಸುತ್ತಾರೆ, ಆ ಚೀಸು ತುಳಸಿ ಜಾತಿಯ ಎಲೆಯನ್ನು ಅರೆದು ಮಾಡುವ, ಚಟ್ನಿಯಂಥ ಪೆಸ್ಟೊದಲ್ಲೂ ಇರುತ್ತದೆ. ಬೆರಕೆ ಸೊಪ್ಪಿನ ಹೂರಣ ತುಂಬಿ, ಅಕ್ರೋಟಿನ ಸಾಸಿನೊಂದಿಗೆ ಬಡಿಸುವ ಪಾನ್ಸೊತ್ತಿ ಎಂಬ ಪಾಸ್ತಾ ನೋಡಲು ಸಸ್ಯಾಹಾರವೇ ಆದರೂ ಅದರಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ. ಬೇಯಿಸಿದ ತರಕಾರಿಯಲ್ಲೂ ಆಂಚೊವಿ ಮೀನಿನ ಚೂರು ಅಡಗಿರಬಹುದು. ಆದ್ದರಿಂದ ಅವಳು ಹೋಟೆಲುಗಳಲ್ಲಿ ಕೇಳಿಯೇ ತರಿಸುತ್ತಿದ್ದಳು, ಕೇಳಿದರೆ ಯಾರೂ ಬೇಸರಪಡಲಿಲ್ಲ. ರೆನೆಟ್ ವಿಷಯದಲ್ಲಿ ಮಾತ್ರ ತನ್ನ ನಿಯಮವನ್ನು ಸಡಿಲಿಸಿದಳು. ಅದು ಅವರವರು ತೀರ್ಮಾನಿಸಬೇಕಾದ ಮಾತು.

ಪೆಸ್ಟೊವನ್ನು ನಾವು ಮನೆಯಲ್ಲೇ ಮಾಡಿಕೊಂಡೆವು. ಜಿನೋವಾದ ತುಳಸಿಯ ಎಲೆ ಚಿಕ್ಕದು, ಎಳೆಯದು, ಪುದೀನಾ ವಾಸನೆಯಿಲ್ಲದ್ದು. ಬೇರುಸಮೇತ ಕಟ್ಟಿದ ಕಂತೆಗಳಾಗಿ ತರಕಾರಿ ಅಂಗಡಿಯಲ್ಲಿ ಸಿಗುತ್ತದೆ. ಮನೆಯಲ್ಲಿದ್ದ ಅಮೃತಶಿಲೆಯ ಒರಳಿನಲ್ಲಿ ಮೊದಲು ಬೆಳ್ಳುಳ್ಳಿ ಮತ್ತು ಕಲ್ಲುಪ್ಪು, ಆಮೇಲೆ ಪೈನ್ ಬೀಜ, ಆಮೇಲೆ ಎಲೆ, ಕೊನೆಗೆ ಚೀಸು, ಎಣ್ಣೆ. ಕುಟ್ಟುವುದಕ್ಕಿಂತ ಒನಕೆಯನ್ನು ಅಂಚಿಗೆ ಒತ್ತಿ ತಿರುವುವುದು ಮುಖ್ಯ, ಬಿಸಿ ತಾಗಿದರೆ ಎಲೆ ಕಪ್ಪಾಗುತ್ತದೆ. ಅದೇ ಕಾರಣಕ್ಕೆ ಪೆಸ್ಟೊವನ್ನು ಒಲೆಯ ಮೇಲೆ ಇಡುವುದಿಲ್ಲ. ಪಾಸ್ತಾ ಬೆಂದ ನೀರನ್ನು ಒಂದೆರಡು ಚಮಚ ಸೇರಿಸಿ ಸಡಿಲಿಸುತ್ತಾರೆ. ಬರಿಯ ಹಿಟ್ಟು, ನೀರಿನಲ್ಲಿ ಹೊಸೆದ, ತಿರುಚಿದ ಎಳೆಗಳಂಥ ತ್ರೊಫಿಯೆ ಪಾಸ್ತಾವನ್ನು ಆಲೂಗಡ್ಡೆ, ಬೀನ್ಸ್ ಜೊತೆಗೆ ಒಂದೇ ಪಾತ್ರೆಯಲ್ಲಿ ಬೇಯಿಸಿ ಇದರಲ್ಲಿ ಬೆರೆಸಿದರೆ ಮಧ್ಯಾಹ್ನದ ಊಟ ಆಯಿತು.

ಇನ್ನು ಮೀನು. ಕಮೋಲಿಗೂ ಪುಂತಾ ಕ್ಯಾಪ್ಪಾ ಎಂಬ ಕಡಲಚಾಚಿಗೂ ನಡುವೆ, ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ, ತೊನ್ನಾರೆಲ್ಲಾ ಎಂಬ ಸ್ಥಿರ ಬಲೆಯನ್ನು ಕಡಲಿನಲ್ಲಿ ಕಟ್ಟಿರುತ್ತಾರೆ. ದಡದುದ್ದಕ್ಕೂ ಈಜಿ ಬರುವ ಮೀನು ಅಡ್ಡಬಲೆಗೆ ತಡೆದು, ಬಲೆಯ ಕೋಣೆಯೊಳಗೆ ಹೊಕ್ಕ ಮೇಲೆ, ದೋಣಿಯಲ್ಲಿ ಕುಳಿತವರು ಬಲೆಯನ್ನು ಕೈಯಿಂದ ಎತ್ತುತ್ತಾರೆ. ಬಲೆ ಹೆಣೆಯುವುದು ತೆಂಗಿನ ನಾರಿನಿಂದ ಎಂದು ತಿಳಿದಾಗ, ನೀರಿನಲ್ಲಿ ನೆನೆಸಿದ ನಾರಿನ ವಾಸನೆಯಲ್ಲಿ ಬೆಳೆದ ನನಗೆ ಈ ಊರು ಸ್ವಲ್ಪ ಹೆಚ್ಚೇ ಹತ್ತಿರವಾಯಿತು. ಹೆಸರಿಗೆ ಟ್ಯೂನಾದ ಬಲೆಯಾದರೂ ಸಿಗುವುದು ಹೆಚ್ಚಾಗಿ ಪಾಲಮೀತಾ ಮುಂತಾದ, ಟ್ಯೂನಾದ ಹತ್ತಿರದ ಬಳಗದ ಮೀನುಗಳು. ದಪ್ಪ ತುಂಡು ಮಾಡಿಸಿ ತಂದು, ಉಪ್ಪು, ಎಣ್ಣೆ ಸವರಿ ಕಾವಲಿಯ ಮೇಲೆ ಬೇಯಿಸಿ ನಿಂಬೆ ಹಿಂಡಿದೆ. ಮಸಾಲೆ ಇಲ್ಲದ ಮೀನು ಸಪ್ಪೆಯೆಂಬ ನಮ್ಮವರ ಮಾತು ತಾಜಾ ಮೀನಿಗೆ ಅನ್ವಯಿಸುವುದಿಲ್ಲವೆಂದು ಈಗ ಧೈರ್ಯವಾಗಿ ಹೇಳುತ್ತೇನೆ. ಬೆರಳುದ್ದದ ಆಂಚೊವಿಯನ್ನು ಹಿಟ್ಟಿನಲ್ಲಿ ಹೊರಳಿಸಿ ಕರಿದು ಕಾಗದದ ಪೊಟ್ಟಣದಲ್ಲಿ ಕೊಡುತ್ತಾರೆ, ಬಂದರಿನ ಗೋಡೆಯ ಮೇಲೆ ಕುಳಿತು ಮುಳ್ಳುಸಮೇತ ತಿನ್ನಬಹುದು.

ಹೋಟೆಲಿನಲ್ಲಿ ಮೀನು ತರಿಸುವಾಗ ಬೆಲೆಪಟ್ಟಿಯನ್ನು ನಿಧಾನವಾಗಿ ಓದಬೇಕು. ಇಡೀ ಮೀನಿನ ಮುಂದೆ ಬರೆದ ಬೆಲೆ ಎಷ್ಟೋ ಕಡೆ 100 ಗ್ರಾಮಿಗೆ ಮಾತ್ರ. ಹಾಗಾಗಿ ಬೇಯಿಸುವ ಮುನ್ನ ಮೀನನ್ನು ತೋರಿಸಿ ತೂಗಿ ಹೇಳಿರೆಂದು ಕೇಳುವುದು ವಾಡಿಕೆ. ಹೆಸರಿನ ಪಕ್ಕದ ನಕ್ಷತ್ರಚಿಹ್ನೆ, ಆ ಪದಾರ್ಥ ಮಂಜಿನಲ್ಲಿ ಹೆಪ್ಪುಗಟ್ಟಿಸಿದ್ದಾಗಿರಬಹುದೆಂಬ ಸೂಚನೆ. ತಲೆಗಿಷ್ಟೆಂದು ಬಿಲ್ಲಿಗೆ ಸೇರುವ ಕೊಪೆರ್ತೊ ಎಂಬ ಮೊತ್ತ ಮೋಸವಲ್ಲ, ಅದು ಮೇಜು ಮತ್ತು ಬ್ರೆಡ್ಡಿನ ಬಾಬ್ತು.

ಸಂಜೆ ಊಟಕ್ಕೆ ಮೊದಲು ಅಪೆರಿತಿವೊ: ಒಂದು ಲೋಟ ಪಾನೀಯ, ಜೊತೆಗೆ ಆಲಿವ್ ಕಾಯಿ, ಫೊಕಾಚಾದ ಚೂರು. ನಾನು ವೆರ್ಮೆಂತೀನೊ ಎಂಬ ಬಿಳಿ ವೈನನ್ನೇ ಹೆಚ್ಚಾಗಿ ತರಿಸಿದೆ. ತಂಪಾಗಿ ಕುಡಿದರೆ ಕರಿದ ಮೀನಿನ ಜಿಡ್ಡನ್ನು ತೊಳೆದು ಹಾಕುತ್ತದೆ. ಒಣಗಿಸಿದ ದ್ರಾಕ್ಷಿಯಿಂದ ಮಾಡುವ ಚಿಂಕ್ವೆ ತೆರ್ರೆ ಕರಾವಳಿಯ ಶಾಕೆತ್ರಾ ವೈನು ಸಿಹಿಯಾದದ್ದು, ದುಬಾರಿಯದ್ದು. ಊಟದ ಕೊನೆಗೆ ಪುಟ್ಟ ಲೋಟದಲ್ಲಿ ಗುಟುಕರಿಸುವುದಕ್ಕಷ್ಟೇ. ಮದ್ಯ ಮುಟ್ಟದ ನನ್ನ ಹೆಂಡತಿಗೆ ಕಿನೊತ್ತೊ ಇತ್ತು. ಸವೋನಾದ ಸುತ್ತ ಬೆಳೆಯುವ ಕಹಿ ಕಿತ್ತಳೆ ಜಾತಿಯ ಹಣ್ಣಿನ ಹೆಸರಿನ ಈ ಕಪ್ಪು ಪಾನೀಯದ ಕಹಿ ಅವಳಿಗೆ ಹಿಡಿಸಿತು, ನನಗೆ ಹಿಡಿಸಲಿಲ್ಲ.

ಮೇ ತಿಂಗಳ ಎರಡನೆಯ ಭಾನುವಾರ ಇಲ್ಲಿ ಮೀನಿನ ಹಬ್ಬ ನಡೆಯುತ್ತದೆ. 1952ರಿಂದ ನಡೆದುಬಂದಿರುವ ಈ ಹಬ್ಬದಲ್ಲಿ ಮೀಟರುಗಟ್ಟಲೆ ಅಗಲದ ಬಾಣಲೆಯಲ್ಲಿ ಮೀನು ಕರಿದು ಹಂಚುತ್ತಾರೆ; ನೋಡುವುದಕ್ಕೆ ಚೆಂದ, ಆದರೆ ಆ ನೂಕುನುಗ್ಗಲಿನಲ್ಲಿ ಉಣ್ಣುವ ಸುಖವಿಲ್ಲವೆಂದು ನನ್ನ ಅಭಿಪ್ರಾಯ. ತೊನ್ನಾರೆಲ್ಲಾ ಬಲೆ ನೀರಿನಲ್ಲಿದ್ದು, ಬೇಸಿಗೆ ರಜೆಯ ಜನ ಇನ್ನೂ ಬಂದಿರದ ಜೂನ್ ಮೊದಲ ವಾರಗಳೋ, ಅವರು ಮರಳಿದ ಸೆಪ್ಟೆಂಬರೋ ಆದರೆ, ಅದೂ ವಾರದ ನಡುವಿನ ದಿನಗಳಲ್ಲಿ, ಬೇಕರಿಯ ಸಾಲೂ ಚಿಕ್ಕದಾಗಿರುತ್ತದೆ, ಮೀನಿನ ಅಂಗಡಿಯವರಿಗೆ ನಿಂತು ಮಾತನಾಡಲು ಪುರುಸೊತ್ತೂ ಇರುತ್ತದೆ.