ಕಡಿಮೆ ಬೆಲೆಯ ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಲು ಮದರ್‌ಬೋರ್ಡ್ ಮತ್ತು ರ್ಯಾಮ್ ಆರಿಸುವ ಕ್ರಮ

1998ರಲ್ಲಿ ಇಂಟೆಲ್ ಕಂಪನಿ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರನ್ನು ಮಾರುಕಟ್ಟೆಗೆ ತಂದಿತು. ಅದರ ಗುಣಕವನ್ನು, ಅಂದರೆ ಬಸ್ಸಿನ (ಪ್ರೊಸೆಸರನ್ನು ಬೋರ್ಡಿಗೆ ಬೆಸೆಯುವ ಮಾರ್ಗದ) ವೇಗವನ್ನು ಎಷ್ಟರಿಂದ ಗುಣಿಸಿದರೆ ಪ್ರೊಸೆಸರಿನ ವೇಗ ಬರುತ್ತದೋ ಆ ಸಂಖ್ಯೆಯನ್ನು, 4.5ಕ್ಕೆ ಕಟ್ಟಿಹಾಕಲಾಗಿತ್ತು. ಆದರೂ 66 ಮೆಗಾಹರ್ಟ್ಸ್ ಇದ್ದ ಬಸ್ ವೇಗವನ್ನು 100ಕ್ಕೆ ಏರಿಸಿದರೆ, 300 ಮೆಗಾಹರ್ಟ್ಸ್‌ನ ಆ ಚಿಪ್ಪು 450ರಲ್ಲಿ, ಅಂದರೆ ನಿಗದಿತ ವೇಗವನ್ನು ಮೀರಿ (ಇದೇ ಓವರ್‌ಕ್ಲಾಕಿಂಗ್), ಓಡುತ್ತಿತ್ತು. ಈ ಸಂಗತಿಯನ್ನು ಹೇಳುವವರು ಅದರ ಇನ್ನರ್ಧವನ್ನು ಸಾಮಾನ್ಯವಾಗಿ ಮರೆಯುತ್ತಾರೆ. 100 ಮೆಗಾಹರ್ಟ್ಸ್ ಬಸ್ಸನ್ನು ಕೊಡಬಲ್ಲ 440ಬಿಎಕ್ಸ್‌ನಂತಹ ಚಿಪ್‌ಸೆಟ್ (ಬೋರ್ಡಿನ ಭಾಗಗಳನ್ನು ನಿಯಂತ್ರಿಸುವ ಚಿಪ್ಪು) ಇರುವ ಬೋರ್ಡ್, ಆ ವೇಗವನ್ನು ತಾಳಬಲ್ಲ ಪಿಸಿ100 ರ್ಯಾಮ್, ಇವೆರಡೂ ಇದ್ದವರಿಗೆ ಮಾತ್ರ ಆ ಲಾಭ ದಕ್ಕಿತು. ಇಂದಿಗೂ ಪರಿಸ್ಥಿತಿ ಹಾಗೆಯೇ ಇದೆ. ಪ್ರೊಸೆಸರ್ ಎಷ್ಟು ದೂರ ಹೋಗುತ್ತದೆ ಎಂಬುದನ್ನು ಅದರ ಕೆಳಗಿರುವ ಬೋರ್ಡ್ ಮತ್ತು ಪಕ್ಕದಲ್ಲಿರುವ ರ್ಯಾಮ್ ಬಹುಮಟ್ಟಿಗೆ ನಿರ್ಧರಿಸುತ್ತವೆ.

ಈ ಬರಹದುದ್ದಕ್ಕೂ ಎಎಂಡಿಯ ರೈಜೆನ್ 5 5600 ಪ್ರೊಸೆಸರನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. 2022ರ ಏಪ್ರಿಲ್‌ನಲ್ಲಿ ಬಂದ ಈ ಚಿಪ್ಪಿನಲ್ಲಿ ಆರು ಕೋರ್, ಹನ್ನೆರಡು ಥ್ರೆಡ್ ಇವೆ. ಮೂಲ ವೇಗ 3.5 ಗಿಗಾಹರ್ಟ್ಸ್, ಗರಿಷ್ಠ ವೇಗ 4.4 ಗಿಗಾಹರ್ಟ್ಸ್, ನಮೂದಾದ ವಿದ್ಯುತ್ ಮಟ್ಟ 65 ವ್ಯಾಟ್. ಹಳೆಯ ಎಎಂ4 ಸಾಕೆಟ್‌ನದ್ದಾದ್ದರಿಂದ ಇದಕ್ಕೆ ಹೊಂದುವ ಬೋರ್ಡ್ ಮತ್ತು ಡಿಡಿಆರ್4 ರ್ಯಾಮ್ ಹೊಸದಾಗಿಯೂ ಸಿಗುತ್ತವೆ, ಸೆಕೆಂಡ್ ಹ್ಯಾಂಡ್ ಆಗಿಯೂ ಸಿಗುತ್ತವೆ.

ಅಂಗಡಿಗೆ ಹೋಗುವ ಮೊದಲು ಒಂದು ಲೆಕ್ಕ ಹಾಕಬೇಕು. ಓವರ್‌ಕ್ಲಾಕಿಂಗ್‌ಗೆಂದು ಬೋರ್ಡ್, ರ್ಯಾಮ್ ಮತ್ತು ಕೂಲರ್ ಮೇಲೆ ಎಷ್ಟು ಹೆಚ್ಚುವರಿ ಹಣ ಹಾಕುತ್ತೀರಿ, ಅದೇ ಹಣಕ್ಕೆ ಮುಂದಿನ ದರ್ಜೆಯ ಪ್ರೊಸೆಸರ್ ಸಿಗುತ್ತದೆಯೇ ಎಂಬುದನ್ನು ಕಾಗದದ ಮೇಲೆ ಬರೆದು ನೋಡಿ. ಸಿಗುವುದಾದರೆ ಅದನ್ನೇ ಕೊಳ್ಳುವುದು ಒಳ್ಳೆಯದು. ರೈಜೆನ್ 5 5600 ಕಾರ್ಖಾನೆಯಿಂದಲೇ ತನ್ನ ಮಿತಿಯ ಹತ್ತಿರ ಓಡುತ್ತದೆ. ಎಷ್ಟೇ ಶ್ರಮಪಟ್ಟರೂ ಅದು ಸಾಮಾನ್ಯವಾಗಿ 4.6 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಹೀಗಾಗಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಬೋರ್ಡ್ ಸಾಕಷ್ಟು ಗಟ್ಟಿಯಾಗಿದ್ದರೆ ಸಾಕು, ಅತ್ಯುತ್ತಮವಾಗಿರಬೇಕಿಲ್ಲ, ಉಳಿದ ಹಣ ರ್ಯಾಮ್‌ಗೆ ಹೋಗಲಿ.

ಚಿಪ್‌ಸೆಟ್ ವಿಚಾರ

ಇಲ್ಲಿ ಯೋಚಿಸುವುದು ಹೆಚ್ಚೇನೂ ಇಲ್ಲ. ಎಎಂ4ನಲ್ಲಿ ಬಿ350, ಬಿ450, ಬಿ550 ಮತ್ತು ಎಕ್ಸ್ ಅಕ್ಷರದ ಚಿಪ್‌ಸೆಟ್‌ಗಳು ಪ್ರೊಸೆಸರ್ ಓವರ್‌ಕ್ಲಾಕಿಂಗ್‌ಗೆ ಅವಕಾಶ ಕೊಡುತ್ತವೆ. ಎ320 ಮತ್ತು ಎ520 ಕೊಡುವುದಿಲ್ಲ. ಎ520ರಲ್ಲಿ ರ್ಯಾಮ್ ವೇಗವನ್ನು ಏರಿಸಬಹುದು, ಆದ್ದರಿಂದ ಪ್ರೊಸೆಸರನ್ನು ಮುಟ್ಟದೆ ರ್ಯಾಮ್ ಮಾತ್ರ ಚುರುಕಾಗಿಸಬೇಕೆನ್ನುವವರಿಗೆ ಅದೂ ಒಂದು ಮಿತವ್ಯಯದ ದಾರಿ. ಇಂಟೆಲ್ ಪಾಳಯದಲ್ಲಿ ಗುಣಕ ಬದಲಿಸಲು ಹೆಸರಿನ ಕೊನೆಯಲ್ಲಿ ಕೆ ಅಕ್ಷರವಿರುವ ಪ್ರೊಸೆಸರ್ ಬೇಕು, ಜೊತೆಗೆ ಝಡ್ ಚಿಪ್‌ಸೆಟ್‌ನ ಬೋರ್ಡ್ ಬೇಕು. 2021ರ ಬಿ560ರಿಂದ ಬಿ ಸರಣಿಯಲ್ಲೂ ರ್ಯಾಮ್ ವೇಗ ಏರಿಸಲು ಅನುಮತಿ ಸಿಕ್ಕಿತು. ಅಗ್ಗದ ಪ್ರೊಸೆಸರ್ ಇಟ್ಟುಕೊಂಡು ಈ ಕೆಲಸಕ್ಕೆ ಕೈಹಾಕುವವರಿಗೆ ಎಎಂ4 ಸಾಕೆಟ್ ಇಷ್ಟು ಹತ್ತಿರವಾಗಲು ಇಂಟೆಲ್‌ನ ಈ ನಿರ್ಬಂಧಗಳೇ ಕಾರಣ.

ಬಿ450 ಅಥವಾ ಬಿ550 ಎಂಬ ಪ್ರಶ್ನೆಗೆ ಉತ್ತರ ಬಯಾಸ್‌ನಲ್ಲಿ, ಅಂದರೆ ಯಂತ್ರವನ್ನು ಎಬ್ಬಿಸುವ ಬೋರ್ಡಿನೊಳಗಿನ ತಂತ್ರಾಂಶದಲ್ಲಿ, ಇದೆ. 2018ರ ಬಿ450 ಬೋರ್ಡ್‌ಗಳು ರೈಜೆನ್ 5000 ಸರಣಿಗಿಂತ ಹಳೆಯವು. ಬಯಾಸ್ ಅಪ್‌ಡೇಟ್ ಆಗದ ಬೋರ್ಡ್‌ಗೆ 5600 ಕೂರಿಸಿದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್‌ನಿಂದ ಬಯಾಸ್ ಬರೆಯುವ ಫ್ಲ್ಯಾಶ್‌ಬ್ಯಾಕ್ ಗುಂಡಿ ಇರುವ ಬೋರ್ಡನ್ನು ಆರಿಸಿಕೊಂಡರೆ ಈ ತೊಡಕು ಇರುವುದಿಲ್ಲ. ಆ ಗುಂಡಿ ಇಲ್ಲದಿದ್ದರೆ, ಬೆಂಗಳೂರಿನ ಎಸ್.ಪಿ. ರೋಡ್‌ನಂತಹ ಕಡೆ ಕೊಳ್ಳುವಾಗ ಅಂಗಡಿಯವರಿಂದಲೇ ಅಪ್‌ಡೇಟ್ ಮಾಡಿಸಿ, ಪರದೆಯ ಮೇಲೆ ಆವೃತ್ತಿಯ ಸಂಖ್ಯೆ ನೋಡಿಕೊಂಡು ಹಣ ಕೊಡಿ. ಮನೆಯಲ್ಲಿ ಮಾಡುವುದಾದರೆ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ಬಯಾಸ್ ಬರೆಯುತ್ತಿರುವಾಗ ಕರೆಂಟ್ ಹೋದರೆ ಬೋರ್ಡ್ ಏಳದೇ ಹೋಗಬಹುದು.

ಬೋರ್ಡ್‌ನ ನಿಜವಾದ ಪರೀಕ್ಷೆ: ವಿಆರ್‌ಎಂ

ಸಾಕೆಟ್‌ನ ಎಡಕ್ಕೂ ಮೇಲಕ್ಕೂ ಸಾಲಾಗಿ ನಿಂತಿರುವ ಬೂದು ಬಣ್ಣದ ಚಿಕ್ಕ ಚೌಕಗಳು ಚೋಕ್‌ಗಳೆಂಬ ತಂತಿ ಸುರುಳಿಗಳು. ಅವುಗಳ ಪಕ್ಕದಲ್ಲಿ, ಹೀಟ್‌ಸಿಂಕ್ ಇದ್ದರೆ ಅದರ ಅಡಿಯಲ್ಲಿ, ಸ್ವಿಚ್ಚಿನಂತೆ ಕೆಲಸ ಮಾಡುವ ಮಾಸ್ಫೆಟ್‌ಗಳಿರುತ್ತವೆ. ಪವರ್ ಸಪ್ಲೈ ಕೊಡುವ 12 ವೋಲ್ಟನ್ನು ಪ್ರೊಸೆಸರಿಗೆ ಬೇಕಾದ ಸುಮಾರು 1.3 ವೋಲ್ಟಿಗೆ ಇಳಿಸುವುದು ಇವೆಲ್ಲ ಸೇರಿದ ವಿಆರ್‌ಎಂನ (ವೋಲ್ಟೇಜ್ ನಿಯಂತ್ರಕದ) ಕೆಲಸ. ಅಷ್ಟೇ ವ್ಯಾಟ್ ಸಾಗಿಸಲು ವೋಲ್ಟೇಜ್ ಇಳಿದಷ್ಟೂ ಪ್ರವಾಹ ಏರುತ್ತದೆ. 5600ರ ನಮೂದಾದ ಮಟ್ಟ 65 ವ್ಯಾಟ್ ಆದರೂ, ಅದು ನಿಜಕ್ಕೂ ಎಳೆದುಕೊಳ್ಳಬಹುದಾದ ವಿದ್ಯುತ್ತಿಗೆ ಕಾರ್ಖಾನೆ ವಿಧಿಸಿರುವ ಮಿತಿ 76 ವ್ಯಾಟ್. ಓವರ್‌ಕ್ಲಾಕ್ ಮಾಡಿ 110 ವ್ಯಾಟ್‌ವರೆಗೆ ಬಿಟ್ಟರೆ 1.3 ವೋಲ್ಟಿನಲ್ಲಿ ಸುಮಾರು 85 ಆಂಪಿಯರ್ ಹರಿಯಬೇಕಾಗುತ್ತದೆ. ಅದನ್ನು ನಾಲ್ಕು ಫೇಸ್‌ಗಳು, ಅಂದರೆ ಚೋಕ್ ಮತ್ತು ಮಾಸ್ಫೆಟ್ ಸೇರಿದ ನಾಲ್ಕು ಗುಂಪುಗಳು, ಹಂಚಿಕೊಂಡರೆ ತಲಾ 21 ಆಂಪಿಯರ್, ಆರು ಹಂಚಿಕೊಂಡರೆ ತಲಾ 14. ಮಾಸ್ಫೆಟ್‌ನ ರೋಧದಿಂದ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ, 21 ಆಂಪಿಯರ್ ಹೊತ್ತ ಫೇಸ್‌ನಲ್ಲಿ ಆ ಶಾಖ 14 ಹೊತ್ತ ಫೇಸ್‌ನದರ ಎರಡೂಕಾಲು ಪಟ್ಟಾಗುತ್ತದೆ.

ಇದನ್ನು ನಾನು ಕಣ್ಣಾರೆ ಕಂಡದ್ದು ಕಲಬುರಗಿಯಲ್ಲಿ, ಒಂದು ಮೇ ತಿಂಗಳ ಮಧ್ಯಾಹ್ನ. ಎಂಟು ಕೋರ್‌ಗಳ ರೈಜೆನ್ 7 2700 ಚಿಪ್ಪನ್ನು, ನಾಲ್ಕು ಫೇಸ್‌ಗಳ, ಮಾಸ್ಫೆಟ್ ಮೇಲೆ ಹೀಟ್‌ಸಿಂಕ್ ಇಲ್ಲದ ಒಂದು ಅಗ್ಗದ ಬಿ450 ಬೋರ್ಡಿನಲ್ಲಿ 4 ಗಿಗಾಹರ್ಟ್ಸ್‌ಗೆ ಏರಿಸಿ ವಿಡಿಯೋ ರೆಂಡರ್‌ಗೆ ಬಿಟ್ಟಿದ್ದೆ. ಹತ್ತು ನಿಮಿಷ ಎಲ್ಲವೂ ಸರಿಯಿತ್ತು. ಆಮೇಲೆ ವೇಗ ಒಮ್ಮೆಲೇ ಒಂದು ಗಿಗಾಹರ್ಟ್ಸ್‌ಗಿಂತ ಕೆಳಗೆ ಕುಸಿದು, ಕೆಲವು ಕ್ಷಣ ಬಿಟ್ಟು ಮೇಲೇರಿ, ಮತ್ತೆ ಕುಸಿಯತೊಡಗಿತು. ಪ್ರೊಸೆಸರಿನ ಉಷ್ಣತೆ ಮಾತ್ರ 70 ಡಿಗ್ರಿ ದಾಟಿರಲಿಲ್ಲ. ಕೂಲರ್ ಮೇಲೆ ಅನುಮಾನಪಟ್ಟು ಒಂದು ದಿನ ಕಳೆದ ಮೇಲೆ, ಸಾಕೆಟ್‌ನ ಪಕ್ಕಕ್ಕೆ ಚಿಕ್ಕ ಫ್ಯಾನ್ ಹಿಡಿದು ನೋಡಿದೆ. ಕುಸಿತ ನಿಂತಿತು. ಸುಡುತ್ತಿದ್ದದ್ದು ವಿಆರ್‌ಎಂ, ಅದನ್ನು ಕಾಪಾಡಲು ಬೋರ್ಡೇ ಪ್ರೊಸೆಸರಿನ ವೇಗವನ್ನು ಹಿಂದಕ್ಕೆಳೆಯುತ್ತಿತ್ತು. ಕೋಣೆ 10 ಡಿಗ್ರಿ ಬಿಸಿಯಾದರೆ ಒಳಗಿನ ಪ್ರತಿಯೊಂದು ಬಿಡಿಭಾಗವೂ ಹೆಚ್ಚುಕಡಿಮೆ ಅಷ್ಟೇ ಬಿಸಿಯಾಗುತ್ತದೆ. ತಂಪು ದೇಶಗಳಲ್ಲಿ ಕುಳಿತು ಬರೆದ ವಿಮರ್ಶೆಗಳನ್ನು ಓದುವಾಗ ಕಲಬುರಗಿ, ರಾಯಚೂರಿನವರು ಈ ಲೆಕ್ಕವನ್ನು ಸೇರಿಸಿಕೊಳ್ಳಲೇಬೇಕು.

ಆದ್ದರಿಂದ ಬೋರ್ಡನ್ನು ಕೈಗೆ ತೆಗೆದುಕೊಂಡು ನೋಡಿ. ಪೆಟ್ಟಿಗೆಯ ಮೇಲೆ ಬರೆದ ಫೇಸ್ ಸಂಖ್ಯೆಯನ್ನು ಹಾಗೆಯೇ ನಂಬಬೇಡಿ. ಅದರಲ್ಲಿ ಮೆಮೊರಿ ಕಂಟ್ರೋಲರ್ ಇರುವ ಎಸ್‌ಒಸಿ ಭಾಗದ ಫೇಸ್‌ಗಳೂ ಸೇರಿರುತ್ತವೆ, ಮತ್ತು ಒಂದೇ ಸಂಕೇತಕ್ಕೆ ಎರಡು ಜೊತೆ ಬಿಡಿಭಾಗ ಕೂರಿಸಿ ಅದನ್ನು ಎರಡೆಂದು ಎಣಿಸಿರಲೂಬಹುದು. ಆರು ಕೋರ್‌ಗಳ ಚಿಪ್ಪಿಗೆ ಪ್ರೊಸೆಸರ್ ಪಾಲಿನ ನಾಲ್ಕು ಒಳ್ಳೆಯ ಫೇಸ್‌ಗಳು ಸಾಕು, ಆದರೆ ಅವುಗಳ ಮೇಲೆ ಲೋಹದ ಹೀಟ್‌ಸಿಂಕ್ ಇರಲೇಬೇಕು, ಮತ್ತು ಅದು ಸ್ಕ್ರೂ ಹಾಕಿ ಬಿಗಿದದ್ದಾಗಿದ್ದರೆ ಇನ್ನೂ ಒಳ್ಳೆಯದು. ಬೆರಳಿನಿಂದ ಮೆಲ್ಲಗೆ ಅಲುಗಿಸಿದಾಗ ಅದು ಹಂದಾಡಬಾರದು. ಪ್ರೊಸೆಸರಿಗೆ ವಿದ್ಯುತ್ ಕೊಡುವ ಮೇಲ್ಮೂಲೆಯ ಕನೆಕ್ಟರ್ ನಾಲ್ಕು ಪಿನ್ನಿನದಾಗಿರದೆ ಎಂಟು ಪಿನ್ನಿನದಾಗಿರಲಿ. ಮುಂದೊಂದು ದಿನ ಎಂಟು ಕೋರ್ ಚಿಪ್ಪು ಹಾಕುವ ಯೋಚನೆಯಿದ್ದರೆ ಮಾತ್ರ ಆರು ಅಥವಾ ಹೆಚ್ಚು ಫೇಸ್‌ಗಳ ಬೋರ್ಡಿಗೆ ಹಣ ಹಾಕಿ.

ಇಲ್ಲೊಂದು ವಿಷಯ ಹಲವರ ಗಮನಕ್ಕೆ ಬರುವುದಿಲ್ಲ. 5600 ಜೊತೆ ಪೆಟ್ಟಿಗೆಯಲ್ಲಿ ಬರುವ ಚಿಕ್ಕ ಕೂಲರ್ ಗಾಳಿಯನ್ನು ಕೆಳಮುಖವಾಗಿ ಊದುತ್ತದೆ, ಹಾಗಾಗಿ ವಿಆರ್‌ಎಂಗೂ ಒಂದಿಷ್ಟು ಗಾಳಿ ತಗಲುತ್ತದೆ. ಗೋಪುರದಾಕಾರದ ಕೂಲರ್ ಅಥವಾ ಲಿಕ್ವಿಡ್ ಕೂಲರ್ ಹಾಕಿದಾಗ ಪ್ರೊಸೆಸರ್ ತಂಪಾದರೂ ಆ ಗಾಳಿ ನಿಂತುಹೋಗುತ್ತದೆ. ಕ್ಯಾಬಿನೆಟ್‌ನ ಹಿಂಬದಿಯಲ್ಲಿ ಗಾಳಿ ಹೊರಹಾಕುವ ಒಂದು ಫ್ಯಾನ್ ಇರುವಂತೆ ನೋಡಿಕೊಳ್ಳಿ.

ರ್ಯಾಮ್: ಮೂರು ಸಂಖ್ಯೆಗಳನ್ನು ಓದಲು ಕಲಿಯಿರಿ

ರ್ಯಾಮ್ ಮೇಲಿನ 3200 ಅಥವಾ 3600 ಎಂಬುದು ಸೆಕೆಂಡಿಗೆ ಎಷ್ಟು ದಶಲಕ್ಷ ವರ್ಗಾವಣೆಗಳು ಎಂಬ ಲೆಕ್ಕ. ನಿಜವಾದ ಗಡಿಯಾರದ ವೇಗ ಅದರ ಅರ್ಧ, ಅಂದರೆ 1600 ಅಥವಾ 1800 ಮೆಗಾಹರ್ಟ್ಸ್. ಎರಡನೆಯದು ಸಿಎಲ್ ಎಂಬ ಕಾಯುವಿಕೆಯ ಸಂಖ್ಯೆ. ಸಿಎಲ್ ಅನ್ನು 2000ದಿಂದ ಗುಣಿಸಿ, ಬಂದದ್ದನ್ನು ವೇಗದಿಂದ ಭಾಗಿಸಿದರೆ ನ್ಯಾನೊಸೆಕೆಂಡ್ ಲೆಕ್ಕದ ವಿಳಂಬ ಸಿಗುತ್ತದೆ. 3200 ಸಿಎಲ್16 ಎಂದರೆ 10 ನ್ಯಾನೊಸೆಕೆಂಡ್. 3600 ಸಿಎಲ್18 ಕೂಡ 10. 3600 ಸಿಎಲ್16 ಸುಮಾರು 8.9. ಆದರೆ 3200 ಸಿಎಲ್22 ಎಂದರೆ 13.75. ಇವುಗಳಲ್ಲಿ ಎರಡರ ಪೆಟ್ಟಿಗೆಯ ಮೇಲೂ 3200 ಎಂದೇ ಇರುತ್ತದೆ. ಇಲ್ಲಿ ಮೂರನೆಯ ಸಂಖ್ಯೆ ನೆರವಿಗೆ ಬರುತ್ತದೆ: ಸಿಎಲ್22ರ ಸಾದಾ ರ್ಯಾಮ್ 1.2 ವೋಲ್ಟಿನದು, ಓವರ್‌ಕ್ಲಾಕಿಂಗ್‌ಗೆಂದು ಮಾರುವ ಎಕ್ಸ್‌ಎಂಪಿ (ಹೆಚ್ಚಿನ ವೇಗದ ಸಿದ್ಧ ಸೆಟ್ಟಿಂಗ್ ಒಳಗೇ ಬರೆದಿರುವ) ರ್ಯಾಮ್ ಸಾಮಾನ್ಯವಾಗಿ 1.35 ವೋಲ್ಟಿನದು. ಅಂಗಡಿಯಲ್ಲಿ ಸ್ಟಿಕ್ಕರ್ ತಿರುಗಿಸಿ ಈ ಮೂರನ್ನೂ ಓದಿ.

3600ಕ್ಕಿಂತ ಹೆಚ್ಚಿನ ವೇಗಕ್ಕೆ ಈ ಪ್ರೊಸೆಸರ್ ಜೊತೆ ಹಣ ಹಾಕುವುದು ವ್ಯರ್ಥ. ರೈಜೆನ್‌ನ ಒಳಗೆ ಭಾಗಗಳನ್ನು ಬೆಸೆಯುವ ಇನ್ಫಿನಿಟಿ ಫ್ಯಾಬ್ರಿಕ್ ಎಂಬ ಜಾಲವು ರ್ಯಾಮ್‌ನ ಗಡಿಯಾರದೊಂದಿಗೆ ಸಮವೇಗದಲ್ಲಿ ಓಡಿದಾಗ ವಿಳಂಬ ಕಡಿಮೆ. 5000 ಸರಣಿಯ ಬಹುತೇಕ ಚಿಪ್ಪುಗಳಲ್ಲಿ ಆ ಜಾಲ 1800 ಮೆಗಾಹರ್ಟ್ಸ್‌ವರೆಗೆ ಆರಾಮವಾಗಿ ಬರುತ್ತದೆ, ಕೆಲವು 1900 ಮುಟ್ಟುತ್ತವೆ. ರ್ಯಾಮ್ ಅದನ್ನೂ ಮೀರಿದಾಗ ಮೆಮೊರಿ ಕಂಟ್ರೋಲರ್ ಅರ್ಧ ವೇಗಕ್ಕೆ ಇಳಿಯುತ್ತದೆ, ಸಂಖ್ಯೆ ದೊಡ್ಡದಾದರೂ ಯಂತ್ರ ನಿಧಾನವಾಗುತ್ತದೆ. ಹೀಗಾಗಿ 3600 ಸಿಎಲ್16 ಅಥವಾ ಸಿಎಲ್18, ಅದು ದುಬಾರಿಯಾದರೆ 3200 ಸಿಎಲ್16, ಇಷ್ಟರಲ್ಲೇ ಆಯ್ಕೆ ಮುಗಿಯುತ್ತದೆ.

ಒಂದೇ 16 ಜಿಬಿ ಕಡ್ಡಿಯ ಬದಲು 8 ಜಿಬಿಯ ಎರಡು ಕಡ್ಡಿ ಕೊಳ್ಳಬೇಕೆಂಬುದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. 3200ರಲ್ಲಿ ಒಂದು ಚಾನಲ್ ಸೆಕೆಂಡಿಗೆ 25.6 ಜಿಬಿ ಸಾಗಿಸಿದರೆ ಎರಡು ಚಾನಲ್‌ಗಳು 51.2 ಸಾಗಿಸುತ್ತವೆ. ಒಂದೇ ಕಡ್ಡಿ ಹಾಕಿದವರು ಓವರ್‌ಕ್ಲಾಕಿಂಗ್‌ನಿಂದ ಗಳಿಸುವುದಕ್ಕಿಂತ ಹೆಚ್ಚನ್ನು ಅಲ್ಲೇ ಕಳೆದುಕೊಂಡಿರುತ್ತಾರೆ. ನಾಲ್ಕು ಸ್ಲಾಟ್‌ಗಳಿದ್ದರೆ ಸಾಕೆಟ್‌ನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯದರಲ್ಲಿ ಕೂರಿಸಿ. ಎರಡೇ ಸ್ಲಾಟ್‌ಗಳಿರುವ ಚಿಕ್ಕ ಬೋರ್ಡ್ ರ್ಯಾಮ್ ವೇಗದ ವಿಚಾರದಲ್ಲಿ ಕೀಳಲ್ಲ.

ಎರಡೂ ಕಡ್ಡಿಗಳು ಒಂದೇ ಪೆಟ್ಟಿಗೆಯಲ್ಲಿ ಜೋಡಿಯಾಗಿ ಬಂದಿರಲಿ. ಬಿಡಿಯಾಗಿ ಕೊಂಡರೆ ಒಂದೇ ಮಾದರಿಯ ಹೆಸರಿನಡಿ ಬೇರೆ ಬೇರೆ ಕಂಪನಿಯ ಮೆಮೊರಿ ಚಿಪ್ಪುಗಳಿರಬಹುದು. ಕೋರ್ಸೇರ್ ಡಿಡಿಆರ್4 ಕಡ್ಡಿಗಳ ಸ್ಟಿಕ್ಕರಿನಲ್ಲಿ ಆವೃತ್ತಿ ಸಂಖ್ಯೆ ಇದನ್ನು ಹೇಳುತ್ತದೆ: ಮೊದಲ ಅಂಕಿ 3 ಇದ್ದರೆ ಮೈಕ್ರಾನ್, 4 ಇದ್ದರೆ ಸ್ಯಾಮ್‌ಸಂಗ್, 5 ಇದ್ದರೆ ಹೈನಿಕ್ಸ್. ಸ್ಯಾಮ್‌ಸಂಗ್‌ನ ಬಿ-ಡೈ ಚಿಪ್ಪುಗಳು ವೋಲ್ಟೇಜ್ ಏರಿಸಿದಷ್ಟೂ ಬಿಗಿಯಾದ ಸಿಎಲ್‌ಗೆ ಒಗ್ಗುತ್ತವೆಂಬ ಖ್ಯಾತಿ ಗಳಿಸಿದವು, ಆದರೆ ಅವುಗಳ ಬೆಲೆ ಈ ದರ್ಜೆಯ ಯಂತ್ರಕ್ಕೆ ತಕ್ಕುದಲ್ಲ. ಮೈಕ್ರಾನ್ ಇ-ಡೈ ಅಥವಾ ಹೈನಿಕ್ಸ್ ಡಿಜೆಆರ್ ಸಿಕ್ಕರೆ ಸಂತೋಷದಿಂದ ತೆಗೆದುಕೊಳ್ಳಿ.

ಜೋಡಿಸಿದ ಮೇಲೆ

ಮೊದಲು ರ್ಯಾಮ್, ಆಮೇಲೆ ಪ್ರೊಸೆಸರ್. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ತಪ್ಪಿತೆಂದು ತಿಳಿಯುವುದಿಲ್ಲ. ಬಯಾಸ್‌ನಲ್ಲಿ ಎಕ್ಸ್‌ಎಂಪಿ ಆರಿಸಿ, 3600ರ ರ್ಯಾಮ್ ಆದರೆ ಫ್ಯಾಬ್ರಿಕ್ 1800ರಲ್ಲಿದೆಯೇ ಎಂದು ಖಚಿತಪಡಿಸಿಕೊಂಡು, ಎಸ್‌ಒಸಿ ವೋಲ್ಟೇಜನ್ನು 1.1ರ ಸುತ್ತಮುತ್ತ ಇಡಿ. ಆಟೋದಲ್ಲಿ ಬಿಟ್ಟರೆ ಕೆಲವು ಬೋರ್ಡ್‌ಗಳು ಅಗತ್ಯಕ್ಕಿಂತ ಹೆಚ್ಚು ಕೊಡುತ್ತವೆ. ರ್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶ ರಾತ್ರಿಯಿಡೀ ಓಡಲಿ. ಒಂದೇ ಒಂದು ದೋಷ ಕಂಡರೂ ಅದು ಸೋಲೇ, ಏಕೆಂದರೆ ಕೆಟ್ಟ ರ್ಯಾಮ್ ಯಂತ್ರವನ್ನು ನಿಲ್ಲಿಸುವುದಕ್ಕೂ ಮೊದಲು ನಿಮ್ಮ ಫೈಲುಗಳನ್ನು ಸದ್ದಿಲ್ಲದೆ ಕೆಡಿಸುತ್ತದೆ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ವೀಯಾ ಲಾಗರ್ (WHEA-Logger) 19 ಎಂಬ ಹಾರ್ಡ್‌ವೇರ್ ದೋಷದ ಎಚ್ಚರಿಕೆ ಮತ್ತೆ ಮತ್ತೆ ಬಂದರೆ ಫ್ಯಾಬ್ರಿಕ್ ತಾಳುತ್ತಿಲ್ಲವೆಂದು ಅನುಮಾನಿಸಿ, ರ್ಯಾಮನ್ನು 3466ಕ್ಕೂ ಫ್ಯಾಬ್ರಿಕ್ಕನ್ನು 1733ಕ್ಕೂ ಇಳಿಸಿ.

ಪ್ರೊಸೆಸರಿಗೆ ಎಲ್ಲ ಕೋರ್‌ಗಳನ್ನೂ ಒಂದೇ ವೇಗಕ್ಕೆ ಕಟ್ಟುವ ಹಳೆಯ ವಿಧಾನಕ್ಕಿಂತ ಪಿಬಿಒ (ವಿದ್ಯುತ್ ಮಿತಿ ಸಡಿಲಿಸಿ ಪ್ರೊಸೆಸರ್ ತಾನೇ ವೇಗ ಏರಿಸಿಕೊಳ್ಳಲು ಬಿಡುವ ಬಯಾಸ್ ಸೆಟ್ಟಿಂಗ್) ಮತ್ತು ಕರ್ವ್ ಆಪ್ಟಿಮೈಜರ್ (ಕೋರ್‌ಗಳ ವೋಲ್ಟೇಜ್ ತಗ್ಗಿಸುವ ಸೆಟ್ಟಿಂಗ್) ಮೇಲು ಎಂಬುದು ನನ್ನ ಅನುಭವ. ಎಲ್ಲ ಕೋರ್‌ಗಳಿಗೂ ಋಣ 10ರಿಂದ ಆರಂಭಿಸಿ, ಕೆಲವು ದಿನ ಬಳಸಿ ನೋಡಿ, ಐದೈದರಂತೆ ಮುಂದುವರಿಯಿರಿ. ಹಗುರ ಕೆಲಸದಲ್ಲಿರುವಾಗ ಯಂತ್ರ ತಾನಾಗಿಯೇ ರೀಸ್ಟಾರ್ಟ್ ಆದರೆ ಒಂದು ಹೆಜ್ಜೆ ಹಿಂದೆ ಬನ್ನಿ. ಎಚ್‌ಡಬ್ಲ್ಯೂಇನ್ಫೊ ತಂತ್ರಾಂಶದಲ್ಲಿ ವಿಆರ್‌ಎಂನ ಉಷ್ಣತೆ ಕಾಣುವಂತಿದ್ದರೆ, ಅರ್ಧ ಗಂಟೆ ಪೂರ್ಣ ಹೊರೆಯ ನಂತರವೂ ಅದು 100 ಡಿಗ್ರಿಯೊಳಗೆ ಇರಲಿ. ಇವೆಲ್ಲವೂ ಎಎಂಡಿಯ ವಾರಂಟಿಯ ವ್ಯಾಪ್ತಿಗೆ ಹೊರತಾದವು ಎಂಬುದು ತಿಳಿದಿರಲಿ.

ಸರಿಹೊಂದಿದ ಸೆಟ್ಟಿಂಗ್‌ಗಳನ್ನು ಬಯಾಸ್‌ನ ಪ್ರೊಫೈಲಿನಲ್ಲಿ ಉಳಿಸಿಕೊಳ್ಳುವುದರ ಜೊತೆಗೆ ಪ್ರತಿ ಪುಟವನ್ನೂ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಮುಂದಿನ ಬಯಾಸ್ ಅಪ್‌ಡೇಟ್‌ನಲ್ಲಿ ಆ ಪ್ರೊಫೈಲ್ ಅಳಿಸಿಹೋಗಬಹುದು, ಮತ್ತು ಯಂತ್ರ ಏಳದಿದ್ದಾಗ ಸಿಮಾಸ್ ಜಂಪರನ್ನು (ಬಯಾಸ್ ಸೆಟ್ಟಿಂಗ್ ಅಳಿಸುವ ಬೋರ್ಡಿನ ಪಿನ್‌ಗಳನ್ನು) ಸ್ಕ್ರೂಡ್ರೈವರ್ ತುದಿಯಿಂದ ಮುಟ್ಟಿಸಿ ಎಲ್ಲವನ್ನೂ ಮೊದಲಿನಿಂದ ತುಂಬಬೇಕಾಗುತ್ತದೆ.