ಸೊಂಟದಷ್ಟು ನೀರು, ಎದೆಯಷ್ಟು ನೀರು

ಮೈಸೂರಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿರುವ ನಾನು ಮುಟ್ಟು ನಿಂತ ಹೆಂಗಸರಿಗಾಗಿ ಈಜುಕೊಳದಲ್ಲಿ ವ್ಯಾಯಾಮದ ತರಗತಿಯನ್ನು ಆರಂಭಿಸಿ ಆರು ವರ್ಷಗಳಾದವು. ಇದು ಈಜು ಕಲಿಸುವ ತರಗತಿಯಲ್ಲ. ಬರುವವರಲ್ಲಿ ಮುಕ್ಕಾಲು ಪಾಲು ಮಂದಿಗೆ ಈಜು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ, ಏಕೆಂದರೆ ಯಾರ ತಲೆಯೂ ನೀರಿನೊಳಗೆ ಹೋಗುವುದಿಲ್ಲ. ನಡೆಯುವುದು, ನೀರನ್ನು ತಳ್ಳುವುದು, ಎಳೆಯುವುದು, ಒಂಟಿಕಾಲಿನಲ್ಲಿ ನಿಲ್ಲುವುದು, ಕುಪ್ಪಳಿಸುವುದು, ಇಷ್ಟರಲ್ಲಿಯೇ ಮುಕ್ಕಾಲು ಗಂಟೆ ಕಳೆಯುತ್ತದೆ.

ಇದಕ್ಕೆ ಕೈಹಾಕಲು ಕಾರಣ ನನ್ನದೇ ಮಂಡಿ. ನನಗೆ 49ನೆಯ ವಯಸ್ಸಿನಲ್ಲಿ ಮುಟ್ಟು ನಿಂತಿತು. ಅದರ ಹಿಂದೆಯೇ ರಾತ್ರಿಯ ಬೆವರು, ಅರೆನಿದ್ದೆ, ಸೊಂಟದ ಸುತ್ತ ಸೇರಿದ ಏಳು ಕಿಲೋ ತೂಕ, ಮೆಟ್ಟಿಲಿಳಿಯುವಾಗ ಮಂಡಿಯಲ್ಲಿ ಚುಚ್ಚಿದಂಥ ನೋವು ಎಲ್ಲವೂ ಬಂದವು. ಅಲ್ಲಿಯವರೆಗೆ ಎಷ್ಟೋ ಜನರಿಗೆ ‘ದಿನಾ ಅರ್ಧ ಗಂಟೆ ನಡೆಯಿರಿ’ ಎಂದು ಸಲೀಸಾಗಿ ಹೇಳುತ್ತಿದ್ದವಳಿಗೆ, ನಡೆದರೆ ನೋವು, ನಡೆಯದಿದ್ದರೆ ತೂಕ, ತೂಕ ಏರಿದರೆ ಮತ್ತಷ್ಟು ನೋವು ಎಂಬ ಸುಳಿ ಹೇಗಿರುತ್ತದೆ ಎನ್ನುವುದು ಆಗ ಅರ್ಥವಾಯಿತು. ನೀರಿಗಿಳಿದ ಮೊದಲ ದಿನವೇ ಇಪ್ಪತ್ತು ನಿಮಿಷ ನೋವಿಲ್ಲದೆ ನಡೆದೆ.

ನೀರು ಸೊಂಟದವರೆಗೆ ಬಂದರೆ ಕಾಲುಗಳ ಮೇಲೆ ಬೀಳುವ ಭಾರ ಸುಮಾರು ಅರ್ಧಕ್ಕೆ, ಎದೆಯವರೆಗೆ ಬಂದರೆ ಸುಮಾರು ಮೂರರಲ್ಲಿ ಒಂದು ಪಾಲಿಗೆ, ಕತ್ತಿನವರೆಗೆ ಬಂದರೆ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 70 ಕಿಲೋ ತೂಗುವವರು ಎದೆಮಟ್ಟದ ನೀರಿನಲ್ಲಿ ನಿಂತಾಗ ಅವರ ಕಾಲುಗಳ ಪಾಲಿಗೆ ಬರುವುದು 25 ಕಿಲೋ ಮೀರದ ಭಾರ. ಇದನ್ನು ಓದಿ ತಿಳಿದಿದ್ದರೂ ನಾನು ಮೊದಲ ತಿಂಗಳು ಎಲ್ಲರನ್ನೂ ನಾಲ್ಕು ಅಡಿ ಆಳದಲ್ಲಿ ಒಂದೇ ಸಾಲಿನಲ್ಲಿ ನಿಲ್ಲಿಸುತ್ತಿದ್ದೆ. ನಾಲ್ಕು ಅಡಿ ಹತ್ತು ಅಂಗುಲ ಎತ್ತರದವರಿಗೆ ಅಲ್ಲಿ ನೀರು ಹೆಗಲಿಗೆ ಬರುತ್ತದೆ, ಐದೂವರೆ ಅಡಿಯವರಿಗೆ ಎದೆಯ ಕೆಳಭಾಗಕ್ಕೆ. ಒಬ್ಬರ ಕಾಲು ನೆಲಕ್ಕೇ ಊರದೆ ತೇಲಾಡುತ್ತಿದ್ದರೆ ಪಕ್ಕದವರು ಏದುಸಿರು ಬಿಡುತ್ತಿದ್ದರು. ಈಗ ನಮ್ಮ ಸಾಲು ಅಡ್ಡಕ್ಕಿಲ್ಲ. ಕೊಳದ ಇಳಿಜಾರಿನುದ್ದಕ್ಕೂ ಗಿಡ್ಡವರಿಂದ ಎತ್ತರದವರವರೆಗೆ ಓರೆಯಾಗಿ ನಿಲ್ಲುತ್ತದೆ, ಶಾಲೆಯ ಪ್ರಾರ್ಥನೆಯಂತೆ.

ನೀರು ಭಾರವನ್ನು ಇಳಿಸುವ ಹಾಗೆಯೇ ತಡೆಯನ್ನೂ ಒಡ್ಡುತ್ತದೆ, ಮತ್ತು ಆ ತಡೆ ಎಷ್ಟಿರಬೇಕೆಂದು ತೀರ್ಮಾನಿಸುವುದು ನಮ್ಮದೇ ವೇಗ: ಕೈಯನ್ನು ಎರಡರಷ್ಟು ವೇಗವಾಗಿ ಬೀಸಿದರೆ ತಡೆ ನಾಲ್ಕರಷ್ಟಾಗುತ್ತದೆ. ಅಂಗೈಯನ್ನು ಚಾಕುವಿನಂತೆ ಓರೆ ಮಾಡಿದರೆ ನೀರು ಸೀಳಿಕೊಂಡು ದಾರಿ ಬಿಡುತ್ತದೆ, ಅಗಲವಾಗಿ ತೆರೆದರೆ ಗೋಡೆಯಾಗುತ್ತದೆ. ಹೆಗಲು ಹಿಡಿದುಕೊಂಡಿರುವವರು ಓರೆ ಕೈಯಿಂದ ಆರಂಭಿಸುತ್ತಾರೆ. ಫೋಮ್ ಡಂಬೆಲ್ಲುಗಳಿಗೆ ಹಣವಿರದಿದ್ದಾಗ ಮುಚ್ಚಳ ಬಿಗಿದ ಒಂದು ಲೀಟರಿನ ಖಾಲಿ ಬಾಟಲಿಗಳನ್ನು ಕೊಟ್ಟೆ. ಅದನ್ನು ಪೂರ್ತಿ ಮುಳುಗಿಸಿ ಹಿಡಿಯಲು ಹತ್ತಿರ ಹತ್ತಿರ ಒಂದು ಕಿಲೋದಷ್ಟು ಬಲ ಬೇಕು. ನೆಲದ ಮೇಲೆ ಎತ್ತುವುದು ಕಷ್ಟ, ನೀರಿನಲ್ಲಿ ಇಳಿಸುವುದು ಕಷ್ಟ. ಹೀಗಾಗಿ ಮನೆಗೆಲಸದಲ್ಲಿ ಅಷ್ಟಾಗಿ ಬಳಕೆಗೆ ಬಾರದ ತೋಳಿನ ಹಿಂಭಾಗದ ಸ್ನಾಯುವೂ ಬೆನ್ನೂ ಎಚ್ಚರಗೊಳ್ಳುತ್ತವೆ. ಸೋರೆಬುರುಡೆಯನ್ನು ಬೆನ್ನಿಗೆ ಕಟ್ಟಿಕೊಂಡು ಕೆರೆಗೆ ಧುಮುಕುತ್ತಿದ್ದ ಬಾಲ್ಯದ ಮಾತು ಆ ದಿನ ಇಬ್ಬರು ಮೂವರ ಬಾಯಲ್ಲಿ ಬಂತು.

ಬಟ್ಟೆಯ ವಿಷಯವನ್ನು ಕಡೆಗಣಿಸುವಂತಿಲ್ಲ. ಒಬ್ಬರು ನೈಟಿಯಲ್ಲೇ ಇಳಿದರು. ಅದು ಗಾಳಿ ತುಂಬಿಕೊಂಡು ಕೊಡೆಯಂತೆ ಅರಳಿ ಮೇಲೆದ್ದಿತು, ಬಳಿಕ ನೀರು ಕುಡಿದು ಕಾಲಿಗೆ ಸುತ್ತಿಕೊಂಡಿತು. ನಾನು ಕೈ ಹಿಡಿದು ದಡಕ್ಕೆ ತಂದೆ. ಈಗ ತುಂಬುತೋಳಿನ, ಮೊಣಕಾಲಿನ ಕೆಳಗೆ ಇಳಿಯುವ ಲೈಕ್ರಾ ಉಡುಪನ್ನು ಕಡ್ಡಾಯ ಮಾಡಿದ್ದೇನೆ, ಆ ಹೊತ್ತಿನಲ್ಲಿ ಕೊಳದ ಬಳಿ ಗಂಡಸರು ಇರದಂತೆ ಏರ್ಪಾಡು ಮಾಡಿಕೊಂಡಿದ್ದೇನೆ. ‘ಈ ವಯಸ್ಸಿನಲ್ಲಿ ಇದೆಲ್ಲಾ ಬೇಕಾ ಮೇಡಂ’ ಎಂದು ಕೇಳಿದವರೇ ಎರಡನೆಯ ವಾರ ತಂಗಿಯನ್ನೂ ಕರೆತಂದರು.

ಸಮಯವನ್ನು ಗೊತ್ತುಮಾಡಿಕೊಟ್ಟದ್ದು ಥರ್ಮಾಮೀಟರು. ನಮ್ಮ ಕೊಳದಲ್ಲಿ ನೀರು ಕಾಯಿಸುವ ವ್ಯವಸ್ಥೆಯಿಲ್ಲ. ಡಿಸೆಂಬರಿನ ಒಂದು ಬೆಳಿಗ್ಗೆ ಅದು 22 ಡಿಗ್ರಿ ತೋರಿಸಿತು, ಹತ್ತೇ ನಿಮಿಷದಲ್ಲಿ ಎಲ್ಲರ ಕೀಲುಗಳೂ ಬಿಗಿದುಕೊಂಡವು. ಅಂದಿನಿಂದ ತರಗತಿಯನ್ನು ಹನ್ನೊಂದು ಗಂಟೆಗೆ ಸರಿಸಿದೆ, ಚಳಿಗಾಲದಲ್ಲಿ ಆರು ವಾರ ನಿಲ್ಲಿಸುತ್ತೇನೆ. 28ರಿಂದ 30 ಡಿಗ್ರಿ ನಮಗೆ ಹಿತ. ಅದಕ್ಕಿಂತ ಬಹಳ ಬೆಚ್ಚಗಿದ್ದರೆ ಮೈ ಬಿಸಿಯೇರುವ ತೊಂದರೆಯುಳ್ಳವರಿಗೆ ಕಿರಿಕಿರಿಯಾಗುತ್ತದೆ.

ಯಾರೂ ಬಾಯಿಬಿಟ್ಟು ಹೇಳದ ಒಂದು ಸಂಕಟವಿತ್ತು. ಅರ್ಧ ತರಗತಿಯಾಗುವಷ್ಟರಲ್ಲಿ ಕೆಲವರು ಏನೇನೋ ನೆಪ ಹೇಳಿ ಮೇಲೇರುತ್ತಿದ್ದರು. ಸೀನಿದರೆ, ಕೆಮ್ಮಿದರೆ ಮೂತ್ರ ಸೋರುವ ತೊಂದರೆ ಈ ವಯಸ್ಸಿನಲ್ಲಿ ಸಾಮಾನ್ಯ, ಆದ್ದರಿಂದ ತಮ್ಮ ಕಾಯಿಲೆ ಹೆಚ್ಚಾಯಿತೆಂದೇ ಅವರು ತಿಳಿದಿದ್ದರು. ನಿಜವೆಂದರೆ, ನೀರಿನ ಒತ್ತಡ ಕಾಲುಗಳಲ್ಲಿರುವ ರಕ್ತವನ್ನು ಎದೆಯ ಕಡೆಗೆ ತಳ್ಳುತ್ತದೆ, ರಕ್ತ ಹೆಚ್ಚಾಯಿತೆಂದು ಭಾವಿಸಿದ ದೇಹ ಮೂತ್ರದ ಮೂಲಕ ನೀರನ್ನು ಹೊರಹಾಕಲು ತೊಡಗುತ್ತದೆ; ಇದು ಇಪ್ಪತ್ತರ ಹುಡುಗಿಗೂ ಆಗುವಂಥದ್ದು. ಇದನ್ನು ವಿವರಿಸಿದ ದಿನ ಒಂದು ಕ್ಷಣ ಮೌನ, ಮರುಕ್ಷಣ ಕೊಳವೆಲ್ಲ ನಗು. ಅದೇ ಕಾರಣಕ್ಕೆ ನೀರಿನಲ್ಲಿ ನಾಡಿಬಡಿತವೂ ಸ್ವಲ್ಪ ಕಡಿಮೆಯೇ ತೋರುವುದರಿಂದ ಅದನ್ನು ನೆಚ್ಚದೆ ಮಾತನ್ನು ಅಳತೆಗೋಲು ಮಾಡಿಕೊಂಡಿದ್ದೇನೆ: ಎರಡು ವಾಕ್ಯ ಆಡಲು ಆಗಬೇಕು, ಹಾಡಲು ಆಗಬಾರದು.

ನಾನು ಎಡವಿದ್ದು ಮೂಳೆಯ ವಿಷಯದಲ್ಲಿ. ಮುಟ್ಟು ನಿಂತ ಮೊದಲ ಐದಾರು ವರ್ಷಗಳಲ್ಲಿ ಈಸ್ಟ್ರೋಜೆನ್ ಕುಸಿಯುವುದರಿಂದ ಮೂಳೆ ಬೇಗಬೇಗ ಸವೆಯುತ್ತದೆ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಯಲ್ಲಿ, ಆರೋಗ್ಯವಂತ ಯುವವಯಸ್ಕರ ಸರಾಸರಿಗೆ ಹೋಲಿಸಿ ಕೊಡುವ ಟಿ ಅಂಕ ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಅದನ್ನು ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ ಎನ್ನುತ್ತಾರೆ. ನಿವೃತ್ತ ಶಿಕ್ಷಕಿಯೊಬ್ಬರು ಮೈನಸ್ 1.9ರ ವರದಿ ಹಿಡಿದು ಬಂದಾಗ, ನೀರಿನ ವ್ಯಾಯಾಮದಿಂದ ಮೂಳೆ ಗಟ್ಟಿಯಾಗುತ್ತದೆ ಎಂದು ಹೇಳಿಬಿಟ್ಟೆ. ಅವರ ಮಂಡಿಯ ಮೇಲಿನ ಕಾಳಜಿಯಿಂದ ವರ್ಷವಿಡೀ ಎದೆಮಟ್ಟದ ನೀರಿನಲ್ಲೇ ಇರಿಸಿದೆ. ಮುಂದಿನ ವರದಿ ಮೈನಸ್ 2.1. ಅಷ್ಟು ಸಣ್ಣ ವ್ಯತ್ಯಾಸ ಯಂತ್ರದ ಅಳತೆಯ ಹೆಚ್ಚುಕಡಿಮೆಯೊಳಗೇ ಇರಬಹುದು, ಆದರೆ ಮೂಳೆ ಗಟ್ಟಿಯಾಗಲಿಲ್ಲ ಎಂಬುದಂತೂ ಸ್ಪಷ್ಟ. ‘ಒಂದು ದಿನಾನೂ ತಪ್ಪಿಸಿಲ್ವಲ್ಲ ಮೇಡಂ ನಾನು’ ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಭಾರ ಬಿದ್ದರೆ ಮಾತ್ರ ಮೂಳೆ ತನ್ನನ್ನು ಕಟ್ಟಿಕೊಳ್ಳುತ್ತದೆ, ನಾನೋ ವರ್ಷವೆಲ್ಲ ಆ ಭಾರವನ್ನೇ ಕಳೆಯುತ್ತಿದ್ದೆ.

ಅಲ್ಲಿಂದಾಚೆಗೆ ಆಳವನ್ನು ಔಷಧದ ಪ್ರಮಾಣದಂತೆ ಬರೆದಿಡುತ್ತೇನೆ. ಮಂಡಿ ನೋವಿನವರು ಎದೆಮಟ್ಟದಿಂದ ಆರಂಭಿಸುತ್ತಾರೆ. ನೋವು ತಗ್ಗಿದಂತೆ ಎರಡು ವಾರಕ್ಕೊಮ್ಮೆ ಇಳಿಜಾರಿನಲ್ಲಿ ಒಂದು ಹೆಜ್ಜೆ ಮೇಲೆ ಬಂದು ಮೂರು ತಿಂಗಳಲ್ಲಿ ಸೊಂಟಮಟ್ಟಕ್ಕೆ ತಲುಪುತ್ತಾರೆ, ಅಲ್ಲಿ ಹತ್ತು ಹತ್ತರಂತೆ ಮೂರು ಸಲ ಕುಪ್ಪಳಿಸುತ್ತಾರೆ. ಬೆನ್ನುಮೂಳೆ ಈಗಾಗಲೇ ಕುಸಿದಿರುವವರಿಗೆ ಕುಪ್ಪಳಿಸುವುದು ಬೇಡವೇ ಬೇಡ. ಇದರ ಜೊತೆಗೆ ವಾರಕ್ಕೆರಡು ದಿನ ನೆಲದ ಮೇಲೆ ಕುರ್ಚಿಯಿಂದ ಕೈಯೂರದೆ ಏಳುವುದು, ಮೆಟ್ಟಿಲು ಹತ್ತುವುದು, ತೂಕ ಎತ್ತುವುದು ಇದ್ದೇ ಇರುತ್ತದೆ. ನೀರೊಂದೇ ಸಾಕು ಎಂದು ನಾನು ಈಗ ಯಾರಿಗೂ ಹೇಳುವುದಿಲ್ಲ.

ಸಮತೋಲನದ ಅಭ್ಯಾಸಕ್ಕೆ ಮಾತ್ರ ನೀರಿಗೆ ಸಮನಾದ ಜಾಗ ನನಗೆ ಕಂಡಿಲ್ಲ. ಒಬ್ಬರು ಕಣ್ಣು ಮುಚ್ಚಿ ಒಂಟಿಕಾಲಿನಲ್ಲಿ ನಿಲ್ಲುತ್ತಾರೆ, ಉಳಿದವರು ಸುತ್ತ ಓಡಿ ಅಲೆಯೆಬ್ಬಿಸುತ್ತಾರೆ. ವಾಲಿದರೂ ಪೆಟ್ಟಾಗುವುದಿಲ್ಲ, ವಾಲುವಾಗ ಕಾಲು ತಾನಾಗಿಯೇ ನೆಲ ಹುಡುಕುವುದನ್ನು ಕಲಿಯುತ್ತದೆ. ಬೀಳುವ ಅಪಾಯವಿರುವುದು ಹೊರಗೆ, ಒದ್ದೆ ಟೈಲ್ಸ್ ಮೇಲೆ. ಅಲ್ಲಿ ಜಾರಿ ಮಣಿಕಟ್ಟು ಉಳುಕಿಸಿಕೊಂಡವಳು ತರಗತಿ ನಡೆಸುವ ನಾನೇ. ಈಗ ಏಣಿಯಿಂದ ಬಟ್ಟೆ ಬದಲಿಸುವ ಕೋಣೆಯವರೆಗೆ ರಬ್ಬರ್ ಚಾಪೆ ಹಾಸಿದೆ. ಮೇಲೇರುವಾಗ ಮೈಭಾರವೆಲ್ಲ ಒಮ್ಮೆಲೇ ಮರಳುವುದರಿಂದ ಏಣಿಯ ಕೊನೆಯ ಮೆಟ್ಟಿಲಲ್ಲಿ ಹತ್ತು ಎಣಿಸುವವರೆಗೆ ನಿಲ್ಲಬೇಕು, ಆಮೇಲೆ ಕುಳಿತು ನೀರು ಕುಡಿಯಬೇಕು.

ಸೇರುವವರ ರಕ್ತದೊತ್ತಡ, ಹೃದಯದ ತೊಂದರೆ, ಮೂರ್ಛೆರೋಗ, ವಾಸಿಯಾಗದ ಗಾಯ ಎಲ್ಲವನ್ನೂ ವಿಚಾರಿಸಿ ವೈದ್ಯರ ಒಪ್ಪಿಗೆ ಚೀಟಿ ಪಡೆಯುತ್ತೇನೆ. ಇನ್ನೊಂದು ಪ್ರಶ್ನೆಯನ್ನು ಸೇರಿಸಿದ್ದು ಒಬ್ಬರ ಕಾರಣದಿಂದ. ಮುಟ್ಟು ನಿಂತು ಮೂರು ವರ್ಷವಾಗಿದ್ದ ಅವರು ಫೋನ್ ಮಾಡಿ, ‘ಮತ್ತೆ ಮುಟ್ಟಾಗಿದೆ, ಈ ವಾರ ಬರಲ್ಲ’ ಎಂದರು. ಹನ್ನೆರಡು ತಿಂಗಳು ನಿಂತ ಮೇಲೆ ಕಾಣುವ ರಕ್ತಸ್ರಾವ ಮುಟ್ಟಲ್ಲ, ಒಂದೇ ಹನಿಯಾದರೂ ಸ್ತ್ರೀರೋಗ ತಜ್ಞರಿಗೆ ತೋರಿಸಲೇಬೇಕು ಎಂದು ಅದೇ ದಿನ ಕಳುಹಿಸಿದೆ. ಗರ್ಭಕೋಶದ ಒಳಪದರದಲ್ಲಿ ಪಾಲಿಪ್ ಎನ್ನುವ ಸಣ್ಣ ಬೆಳವಣಿಗೆ ಇತ್ತು, ತೆಗೆದರು. ಎರಡು ತಿಂಗಳ ನಂತರ ಬಂದು ಓರೆ ಸಾಲಿನಲ್ಲಿ ತಮ್ಮ ಹಳೆಯ ಜಾಗದಲ್ಲೇ ನಿಂತರು, ಶಿಕ್ಷಕಿಯ ಪಕ್ಕದಲ್ಲಿ.